ಇಗರ್ಜಿಯ ಗಂಟೆಗೆ ಸರಿಯಾಗಿ ಮೌನ ತಾಳುವ ತಮ್ಮ ಡಬ್ಬಿಯ ಕುರಿತು

ಇವರಿಗೆ,
ಗ್ರಾಹಕ ಸಂತೃಪ್ತಿ ವಿಭಾಗದ ಘನ ಮುಖ್ಯಸ್ಥರು,
‘ಸರ್ವವ್ಯಾಪಿ’ ಮೆಶ್ ವೈಫೈ ಕಂಪನಿ
(ತಮ್ಮ ವಿಳಾಸ ಪೆಟ್ಟಿಗೆಯ ಆರು ಬದಿಗಳಲ್ಲಿ ಎಲ್ಲಿಯೂ ಸಿಗದ ಕಾರಣ, ಬಹಿರಂಗವಾಗಿ)

ಮಾನ್ಯರೇ,

ಕಟಪಾಡಿ ಪೇಟೆಯಿಂದ ತುಸು ಒಳಗೆ ವಾಸವಾಗಿದ್ದು, ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿರುವ ಪ್ಯಾಟ್ರಿಶಿಯಾ ಎಂಬ ನಾನು, ನನ್ನ ಪತಿ ಜೋವಿನ್, ಮಗಳು ಲೀನಾ ಹಾಗೂ ಎಪ್ಪತ್ತೆಂಟರ ನನ್ನ ಅತ್ತೆ ಕಾನ್ಸೆಪ್ಟಾ ಬಾಯಿಯವರ ಪರವಾಗಿ, ತಮಗೂ ತಮ್ಮ ಸಮಸ್ತ ಸಿಬ್ಬಂದಿಗೂ, ಫೋನ್ ಮಾಡಿದಾಗಲೆಲ್ಲ ಹದಿನೆಂಟು ನಿಮಿಷ ಕೊಳಲು ಕೇಳಿಸುವ ತಮ್ಮ ಯಂತ್ರಕ್ಕೂ ಮನಸಾರೆ ವಂದಿಸುತ್ತೇನೆ. ಕೊಳಲು ತುಂಬ ಚೆನ್ನಾಗಿದೆ. ಅದನ್ನು ಕೊನೆಯವರೆಗೆ ಕೇಳುವ ಅವಕಾಶ ನಮಗೆ ಹಲವು ಸಲ ಸಿಕ್ಕಿದೆ.

ತಾವು ನಮ್ಮ ಮನೆಯನ್ನು ನೋಡಿಲ್ಲವಾದ್ದರಿಂದ ಸ್ವಲ್ಪ ಪರಿಚಯ ಮಾಡಿಕೊಡುತ್ತೇನೆ. ನನ್ನ ಮಾವನವರು ಕಟ್ಟಿಸಿದ್ದು ಎರಡೇ ಕೋಣೆ. ಆಮೇಲೆ ಮನೆಯ ಯಾರಿಗೆ ಕೊಲ್ಲಿ ದೇಶದಲ್ಲಿ ಕೆಲಸ ಗಟ್ಟಿಯಾದರೂ ಹಿಂದಿನ ಗೋಡೆಗೆ ತಾಗಿಸಿ ಇನ್ನೊಂದು ಕೋಣೆ ಸೇರಿಸುತ್ತ ಬಂದುದರಿಂದ ಈಗ ಅದು ರೈಲಿನ ಹಾಗೆ ಉದ್ದಕ್ಕೆ ಬೆಳೆದು ನಿಂತಿದೆ. ಗೋಡೆಗಳೆಲ್ಲ ದಪ್ಪ ಕೆಂಪುಕಲ್ಲಿನವು. ಚಾವಡಿಯಲ್ಲಿ ಹುಟ್ಟಿದ ವೈಫೈ ಅಡುಗೆಮನೆಯ ತನಕ ಬಂದದ್ದನ್ನು ನಾವು ಯಾರೂ ಕಂಡಿರಲಿಲ್ಲ. ದೇವರು ಎಲ್ಲೆಲ್ಲಿಯೂ ಇದ್ದಾನೆಂದು ಜ್ಞಾನೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ ನಮಗೆ, ಅದೇ ಗುಣ ಮೂರು ಬಿಳಿ ಡಬ್ಬಿಗಳಿಗೂ ಇದೆಯೆಂದು ತಮ್ಮ ಜಾಹೀರಾತಿನಲ್ಲಿ ಓದಿ ಸಂತೋಷವೇ ಆಯಿತು.

ಡಬ್ಬಿಗಳನ್ನು ತರಿಸಿದ್ದು ಹವ್ಯಾಸಕ್ಕಲ್ಲ. ಮೇ ತಿಂಗಳಲ್ಲಿ ಲೀನಾಳ ಮದುವೆ ಇತ್ತು. ನಮ್ಮಲ್ಲಿ ಮದುವೆಯ ಹಿಂದಿನ ಸಂಜೆ ವಧುವಿಗೆ ತೆಂಗಿನ ಹಾಲು ಹಚ್ಚುವ ‘ರೋಸ್’ ಶಾಸ್ತ್ರ ನಡೆಯುತ್ತದೆ. ಆಗ ಹೆಂಗಸರು ವೊವಿಯೊ ಎಂಬ ಹಾಡುಗಳನ್ನು ಹೇಳಬೇಕು. ನಮ್ಮ ಮನೆಯಲ್ಲಿ ಅವನ್ನು ಸರಿಯಾಗಿ ಹಾಡಬಲ್ಲವಳು ಜೋವಿನ್‌ರ ತಂಗಿ ಡೈನಾ ಒಬ್ಬಳೇ. (ಅತ್ತೆಯವರಿಗೆ ಪದಗಳೆಲ್ಲ ಗೊತ್ತು, ಆದರೆ ರಾಗ ಮೊದಲಿನಿಂದಲೂ ಅವರ ಮಾತು ಕೇಳುವುದಿಲ್ಲ.) ಡೈನಾ ಕುವೈಟಿನಲ್ಲಿ ನರ್ಸ್. ಲೀನಾಳನ್ನು ಎತ್ತಿ ಆಡಿಸಿದವಳು, ಅವಳ ರೋಸಿಗೆ ನಾನೇ ಹಾಡುವುದು ಎಂದು ತೊಟ್ಟಿಲ ಹತ್ತಿರವೇ ನಿಂತು ಹೇಳಿಟ್ಟವಳು. ಆಸ್ಪತ್ರೆಯವರು ಅವಳಿಗೆ ರಜೆ ಕೊಟ್ಟು, ಆಮೇಲೆ ಅದನ್ನು ರದ್ದು ಮಾಡಿದರು. ಹಾಗಾದರೆ ವಿಡಿಯೊದಲ್ಲಿ ಹಾಡುತ್ತೇನೆ, ನನಗೆ ಲೀನಾಳ ಮುಖವೊಂದು ಕಾಣುವಂತೆ ಮಾಡಿ ಎಂದು ಅವಳು ಕೇಳಿದಳು. ಆ ಒಂದು ಮುಖವನ್ನು ಹಿತ್ತಲಿನ ಚಪ್ಪರದಿಂದ ಕುವೈಟಿಗೆ ತಲುಪಿಸುವುದಷ್ಟೇ ತಮ್ಮ ಡಬ್ಬಿಗಳಿಗೆ ನಾವು ವಹಿಸಿದ ಕೆಲಸ.

ತಾವು ಕಳುಹಿಸಿದ ತಂತ್ರಜ್ಞ ಅಲೆವೂರಿನ ಅನಂತೇಶರು ಬಹಳ ಮರ್ಯಾದಸ್ಥರು. ಚಪ್ಪಲಿ ಹೊರಗೆ ಬಿಟ್ಟು ಬಂದು, “ಮನೆಯ ಮಧ್ಯದಲ್ಲಿ, ಎತ್ತರದಲ್ಲಿ, ಯಾರೂ ಕೈ ಹಾಕದ ಜಾಗ ಉಂಟಾ?” ಎಂದು ಕೇಳಿದರು. ಕ್ರೈಸ್ತರ ಮನೆಯಲ್ಲಿ ಅಂಥ ಜಾಗ ಒಂದೇ, ಅದು ದೇವರ ಪೀಠವಾದ ಆಲ್ತಾರ್. ಯೇಸುವಿನ ಪವಿತ್ರ ಹೃದಯದ ಚಿತ್ರದ ಕೆಳಗೆ, ನಲವತ್ತು ವರ್ಷಗಳಿಂದ ಕೆಂಪು ಝೀರೋ ಬಲ್ಬ್ ಉರಿಯುತ್ತಿದ್ದ ಒಂದೇ ಒಂದು ಪ್ಲಗ್ ಪಾಯಿಂಟಿನಲ್ಲಿ, ಬಲ್ಬನ್ನು ತೆಗೆದು ಎರಡನೆಯ ಡಬ್ಬಿಯನ್ನು ಸಿಕ್ಕಿಸಿದರು. ಅತ್ತೆಯವರ ಮುಖ ಬಾಡಿತು. ಅಷ್ಟರಲ್ಲಿ ಡಬ್ಬಿಯ ಹೊಟ್ಟೆಯಲ್ಲಿ ಪುಟ್ಟ ಕೆಂಪು ದೀಪ ಹೊತ್ತಿಕೊಂಡಿತು, ಅವರ ಮುಖ ಮತ್ತೆ ಅರಳಿತು. “ಆ ಲೈಟ್ ಒಂದು ನೋಡಿಕೊಳ್ಳಿ ಅಮ್ಮ, ಬೇರೆ ಎಂತ ಇಲ್ಲ” ಎಂದು ಹೇಳಿ ಅನಂತೇಶರು ಹೊರಟರು. ಅತ್ತೆಯವರು ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟರು.

ಮರುದಿನದಿಂದಲೇ ತಮ್ಮ ಯಂತ್ರದ ನಡತೆ ನನ್ನನ್ನು ಬೆರಗುಗೊಳಿಸಿತು. ಬೆಳಿಗ್ಗೆ ಆರಕ್ಕೆ ಇಂಟರ್ನೆಟ್ ಹೋಗುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಹೋಗುತ್ತಿತ್ತು. ಸಂಜೆ ಏಳಕ್ಕೆ, ಡೈನಾ ಹಾಡಿನ ಅಭ್ಯಾಸಕ್ಕೆಂದು ಕರೆ ಮಾಡಿ ಬಾಯಿ ತೆರೆಯುವ ಹೊತ್ತಿಗೆ, ಖಂಡಿತ ಹೋಗುತ್ತಿತ್ತು. ಇವು ಮೂರೂ ನಮ್ಮ ಇಗರ್ಜಿಯಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತುಗಳೆಂಬುದು ಒಂದು ವಾರದ ನಂತರ ನನಗೆ ಹೊಳೆಯಿತು. ನಮ್ಮ ವಠಾರದಲ್ಲಿ ಮೂರು ಹೊತ್ತೂ ತಪ್ಪದೆ ಕೆಲಸ ನಿಲ್ಲಿಸಿ ಪ್ರಾರ್ಥಿಸುವವರು ಅತ್ತೆಯವರನ್ನು ಬಿಟ್ಟರೆ ತಮ್ಮ ಡಬ್ಬಿ ಮಾತ್ರ. ಇದನ್ನು ದೂರಾಗಿ ಅಲ್ಲ, ಮೆಚ್ಚುಗೆಯಾಗಿಯೇ ತಮ್ಮ ಆ್ಯಪಿನಲ್ಲಿ ಬರೆಯಲು ಹೋದೆ. ದೂರು ಸಲ್ಲಿಸಲು ದಯವಿಟ್ಟು ಇಂಟರ್ನೆಟ್ ಸಂಪರ್ಕ ಪಡೆಯಿರಿ ಎಂದು ಅದು ತಿಳಿಸಿತು. ಸಂಪರ್ಕ ಬಂದ ಮೇಲೆ ಬರೆದಾಗ, ಸಂಪರ್ಕ ಚೆನ್ನಾಗಿಯೇ ಇದೆ, ಅಭಿನಂದನೆಗಳು ಎಂದಿತು. ಫೋನಿನಲ್ಲಿ ಸಿಕ್ಕ ತಮ್ಮ ಸಹಾಯಕರು ಏಳು ಸಲವೂ ಒಂದೇ ಮದ್ದು ಹೇಳಿದರು: ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಶಾಲೆಗೆ ರಜೆ ಇದ್ದ ಒಂದು ದಿನ ನಾನು ಆಲ್ತಾರಿನ ಕೋಣೆಯಲ್ಲಿ ಕುಳಿತು ಆಮಂತ್ರಣ ಪತ್ರಿಕೆಗಳಿಗೆ ವಿಳಾಸ ಬರೆಯುತ್ತಿದ್ದೆ. ಹನ್ನೆರಡರ ಗಂಟೆ ಹೊಡೆಯಿತು. ಅತ್ತೆಯವರು ಬಂದರು, ಡಬ್ಬಿಯನ್ನು ನೋಡಿ ತುಟಿ ಬಿಗಿದರು, ಸ್ವಿಚ್ ಆರಿಸಿದರು, ಒಂದು ಪರಲೋಕ ಮಂತ್ರ ಹೇಳುವಷ್ಟು ಹೊತ್ತು ಕಾದು ಮತ್ತೆ ಹಾಕಿದರು. ಕೆಂಪು ದೀಪ ಬಂತು. ಅವರು ಶಿಲುಬೆಯ ಗುರುತು ಮಾಡಿಕೊಂಡು ಪ್ರಾರ್ಥನೆ ಆರಂಭಿಸಿದರು. ಮುಗಿಯುವ ತನಕ ಕಾದು, ಇದೇನೆಂದು ಕೇಳಿದೆ.

“ಎಂತ ಮಾಡುವುದು, ಈಗಿನ ದೀಪ ಅಲ್ವಾ, ಗಟ್ಟಿ ಇಲ್ಲ” ಎಂದರು. “ಹತ್ತು ನಿಮಿಷದಲ್ಲಿ ಬಿಳಿ ಆಗಿ ಹೋಗುತ್ತದೆ. ದೇವರ ಎದುರು ಕೆಂಪು ಬೇಡವಾ? ಆ ಹುಡುಗ ನೋಡಿಕೊಳ್ಳಿ ಅಂದದ್ದಕ್ಕೆ ನಾನು ಮೂರು ಹೊತ್ತು ಸರಿ ಮಾಡ್ತಾ ಇದ್ದೇನೆ.”

ಮಾನ್ಯರೇ, ಕೆಂಪೆಂದರೆ ಡಬ್ಬಿ ಇನ್ನೂ ಸಂಪರ್ಕ ಹುಡುಕುತ್ತಿದೆ, ಬಿಳಿಯೆಂದರೆ ಸಿಕ್ಕಿದೆ ಎಂದು ತಮ್ಮ ಕೈಪಿಡಿ ಹೇಳುತ್ತದೆ. ತಾವು ದೇಶಕ್ಕೆಲ್ಲ ಕೊಡುವ ಸಲಹೆಯನ್ನು ದಿನಕ್ಕೆ ಮೂರು ಬಾರಿ ಪ್ರಾರ್ಥನೆಯ ಸಮೇತ ಪಾಲಿಸಿದ ಗ್ರಾಹಕರು ತಮಗೆ ಇನ್ನೊಬ್ಬರು ಸಿಗಲಾರರು. ಈ ಸಾಧನೆಗಾಗಿ ಅವರಿಗೆ ಒಂದು ಶಾಲು ಕಳುಹಿಸಿಕೊಟ್ಟರೆ ನಾವು ಬೇಡವೆನ್ನುವುದಿಲ್ಲ. ಜೊತೆಗೆ ನಮ್ಮ ತಾಲೂಕಿಗೆ ಮಾತ್ರವಾದರೂ, ಎಲ್ಲವೂ ಸರಿ ಇದ್ದಾಗ ಕೆಂಪು ದೀಪ ಉರಿಯುವ, ಕೆಟ್ಟಾಗ ಬೇರೆ ಯಾವ ಬಣ್ಣವಾದರೂ ತೋರಿಸುವ ಡಬ್ಬಿಯೊಂದನ್ನು ತಯಾರಿಸಬೇಕೆಂದು ಬೇಡಿಕೊಳ್ಳುತ್ತೇನೆ. ಅದು ಆಗದ ಮಾತಾದರೆ ತಮ್ಮ ಹಿರಿಯ ಅಧಿಕಾರಿಯೊಬ್ಬರು ಖುದ್ದಾಗಿ ಬಂದು ಅತ್ತೆಯವರಿಗೆ ತಿಳಿಹೇಳಬಹುದು. ಅವರು ಕೂರಿಸಿ, ಇಡ್ಲಿಯಂಥ ಬಿಸಿ ಸಾನ್ನಣ ಬಡಿಸಿ, ಎಲ್ಲವನ್ನೂ ಶಾಂತವಾಗಿ ಕೇಳುತ್ತಾರೆ. ಹೊರಡುವ ಹೊತ್ತಿಗೆ ಕೆಂಪೇ ಸರಿ ಎಂದು ತಮ್ಮ ಅಧಿಕಾರಿ ಒಪ್ಪಿರುತ್ತಾರೆ.

ಅಂದೇ ಜೋವಿನ್ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ತಂದರು. ಝೀರೋ ಬಲ್ಬ್ ತನ್ನ ಜಾಗಕ್ಕೆ ಮರಳಿತು, ಡಬ್ಬಿ ಚಿತ್ರದ ಹಿಂದೆ ಸರಿಯಿತು. ಎಂಟು ದಿನ ಇಂಟರ್ನೆಟ್ ಕದಲಲಿಲ್ಲ. ಡೈನಾ ಎಂಟು ಸಂಜೆಯೂ ಹಾಡಿದಳು. ತಪ್ಪು ನಮ್ಮದೇ ಎಂದು ಒಪ್ಪಿ, ತಮ್ಮ ಕ್ಷಮೆ ಕೇಳುವ ಪತ್ರವನ್ನು ನಾನು ಮನಸ್ಸಿನಲ್ಲೇ ಸಿದ್ಧಪಡಿಸಿದ್ದೆ. ಅದನ್ನು ಕಳುಹಿಸದೆ ಇದನ್ನು ಬರೆಯಬೇಕಾದ ಕಾರಣ ಹೀಗಿದೆ.

ರೋಸಿನ ಸಂಜೆ ಹಿತ್ತಲಿನ ಚಪ್ಪರದಲ್ಲಿ ಇನ್ನೂರು ಜನ ಸೇರಿದ್ದರು. ಚಾವಡಿಯ ದೊಡ್ಡ ಟಿವಿಯನ್ನು ಹೊರಗೆ ತಂದು ಬೆಂಚಿನ ಮೇಲೆ ಇಟ್ಟಿದ್ದೆವು. ಲೀನಾ ಮಣೆಯ ಮೇಲೆ ಕುಳಿತಳು. ನಾನು ತೆಂಗಿನ ಹಾಲಿನ ಬಟ್ಟಲು ಕೈಗೆತ್ತಿಕೊಂಡೆ. ಏಳು ಗಂಟೆ ಹತ್ತು ನಿಮಿಷಕ್ಕೆ, ಡೈನಾಳ ಮುಖ ಪರದೆಯ ಮೇಲೆ ಮೂಡುವ ಮೊದಲೇ, ತಮ್ಮ ಕಂಪನಿಯಿಂದ ಒಂದು ಪ್ರಕಟಣೆ ಮೂಡಿತು: ತಮ್ಮ ಅನುಭವವನ್ನು ಉತ್ತಮಪಡಿಸಲು ನವೀಕರಣ ನಡೆಯುತ್ತಿದೆ, ನಲವತ್ತು ನಿಮಿಷ ಕಾಯಿರಿ, ಯಾವ ಕಾರಣಕ್ಕೂ ಆಫ್ ಮಾಡಬೇಡಿ. ಇನ್ನೂರು ಜನ ಅದನ್ನು ಓದಿದರು. ಮೊಬೈಲಿನ ಇಂಟರ್ನೆಟ್ಟನ್ನು ಅದೇ ಇನ್ನೂರು ಜನ ಫೋಟೊ ಕಳುಹಿಸಿ ಮೊದಲೇ ಮುಗಿಸಿಟ್ಟಿದ್ದರು.

ಅತ್ತ ಕುವೈಟಿನ ಹಾಸ್ಟೆಲ್ ಕೋಣೆಯಲ್ಲಿ ಡೈನಾ ಅರ್ಧ ದಿನದ ಪಾಳಿ ಬದಲಿಸಿಕೊಂಡು, ರೇಷ್ಮೆ ಸೀರೆ ಉಟ್ಟು, ಬಾಗಿಲು ಹಾಕಿಕೊಂಡು ಕುಳಿತಿದ್ದಳು. ಆ ಸೀರೆಯನ್ನು ಯಾರೂ ನೋಡಲಿಲ್ಲ. ಇಷ್ಟು ಹೊತ್ತು ವಿನಯದಿಂದ ಬರೆದಿದ್ದೇನೆ, ಆದರೆ ಅದನ್ನು ನೆನೆದರೆ ತಮ್ಮ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಜೋವಿನ್ ಕೊನೆಗೆ ಅವಳಿಗೆ ಸಾದಾ ಫೋನ್ ಕರೆ ಮಾಡಿ, ಫೋನನ್ನು ಮೈಕಿಗೆ ಹಿಡಿದರು. ಡೈನಾ ಹಾಡಿದಳು. ಚಪ್ಪರದ ಹೆಂಗಸರೆಲ್ಲ ಪ್ರತಿ ಸಾಲನ್ನು ಎತ್ತಿಕೊಂಡು ಹಾಡಿದರು. ಮುಗಿದ ಮೇಲೆ ಅವಳು ತಾಯಿಯನ್ನು ಕರೆದು ಮೆಲ್ಲಗೆ, “ಮಾಂಯ್, ನನಗೆ ಎಂತದ್ದೂ ಕಾಣುವುದಿಲ್ಲ” ಎಂದಳು. ಅತ್ತೆಯವರು ಮಗನ ಕೈಯಿಂದ ಮೈಕನ್ನೂ ಫೋನನ್ನೂ ತೆಗೆದುಕೊಂಡರು.

“ಕಾಣದಿದ್ದರೆ ಕೇಳು. ಲೀನಾ ನನ್ನ ಹಸಿರು ಅಂಚಿನ ಸೀರೆ ಉಟ್ಟಿದ್ದಾಳೆ, ನಿನ್ನ ರೋಸಿಗೆ ನೀನು ಉಟ್ಟದ್ದೇ. ಹಾಲು ಮೂಗಿನ ತನಕ ಇಳಿದಿದೆ. ನಗ್ತಾ ಇದ್ದಾಳೆ. ಈಗ ಅಳ್ತಾಳೆ, ನೀನು ಹಾಡಿದ್ದಕ್ಕೆ. ನಿನ್ನ ಅಣ್ಣನೂ ಅಳ್ತಾನೆ, ಬೆವರು ಒರೆಸಿದ ಹಾಗೆ ಮಾಡ್ತಾನೆ. ಪಕ್ಕದ ಮನೆಯ ಜೋಕಿಮ್ ಬಂದಿದ್ದಾನೆ, ಹೊಟ್ಟೆ ಇನ್ನೂ ಮುಂದೆ ಬಂದಿದೆ.”

ಧ್ವನಿವರ್ಧಕದಲ್ಲಿ ಇದೆಲ್ಲ ಹೆದ್ದಾರಿಯ ತನಕ ಕೇಳಿತು. ಇಪ್ಪತ್ತು ನಿಮಿಷ ಅವರು ಒಬ್ಬೊಬ್ಬರನ್ನೇ ಬಿಡದೆ ವರ್ಣಿಸಿದರು. ಚಪ್ಪರವಿಡೀ ನಗುತ್ತಿತ್ತು, ಫೋನಿನ ಆಚೆಯಿಂದ ಡೈನಾಳ ನಗುವೂ ಕೇಳುತ್ತಿತ್ತು. ಕೊನೆಗೆ ಅವಳು, “ಸಾಕು ಮಾಂಯ್, ನಾನು ನೋಡಿದೆ” ಎಂದಳು. ತಮ್ಮ ನವೀಕರಣ ಆಗಷ್ಟೇ ಮುಕ್ಕಾಲು ಮುಗಿದಿತ್ತು.

ನಮ್ಮ ಅನುಭವವನ್ನು ಉತ್ತಮಪಡಿಸುವ ತಮ್ಮ ವಾಗ್ದಾನ ಈ ರೀತಿಯಲ್ಲಿ ಅಕ್ಷರಶಃ ನೆರವೇರಿದ್ದಕ್ಕಾಗಿ ಕೃತಜ್ಞತೆ ಸಲ್ಲಿಸುತ್ತ, ಕೊಳಲಿನ ಬದಲು ಮನುಷ್ಯರೊಬ್ಬರ ದನಿ ಕೇಳುವ ದಿನವನ್ನು ಎದುರು ನೋಡುತ್ತಿರುವ,

ತಮ್ಮ ವಿಶ್ವಾಸಿ (ವಿಶ್ವಾಸ ಬೆಳಿಗ್ಗೆ ಇರುತ್ತದೆ, ಸಂಜೆ ಸ್ವಲ್ಪ ಕಡಿಮೆ),
ಪ್ಯಾಟ್ರಿಶಿಯಾ
ಕಟಪಾಡಿ

ತಾ.ಕ.: ಡೈನಾ ಈಗ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಕರೆ ಮಾಡುತ್ತಾಳೆ. ವಿಡಿಯೊ ಹಾಕಲೇ ಎಂದು ಕೇಳಿದರೆ, ಬೇಡ, ಮಾಂಯ್ ಹೇಳಲಿ ಎನ್ನುತ್ತಾಳೆ. ಅತ್ತೆಯವರು ಅದಕ್ಕೆಂದೇ ವಾರವಿಡೀ ಊರನ್ನು ಗಮನವಿಟ್ಟು ನೋಡಿಟ್ಟುಕೊಳ್ಳುತ್ತಾರೆ. ಆದ್ದರಿಂದ ತಮ್ಮ ಡಬ್ಬಿಗಳು ಮುಂದೆಂದಾದರೂ ಸರಿಯಾಗಿ ಕೆಲಸ ಮಾಡುವ ಅಪಾಯವಿದ್ದರೆ, ಆ ಒಂದು ಗಂಟೆಯ ಮಟ್ಟಿಗಾದರೂ ಅವನ್ನು ಕೆಡಿಸಿಡುವ ಕೃಪೆ ಮಾಡಬೇಕು. ತಮಗೆ ಇದು ಕಷ್ಟವಾಗಲಾರದು.