ಆರಾಧನಾಳ ಹೆಜ್ಜೆ ಎಣಿಸುವ ಕೈಪಟ್ಟಿಯವರ ಸನ್ನಿಧಾನಕ್ಕೆ

ಚಾಮರಾಜಪೇಟೆಯಿಂದ

ವಿಷಯ: ಯು.ಕೆ.ಜಿ. ಓದುತ್ತಿರುವ ಮೊಮ್ಮಗಳ ಹೆಸರಿನಲ್ಲಿ ಆಕೆಯ ಅಜ್ಜಿಯು ನಡೆದ ಸುಮಾರು ಏಳು ಲಕ್ಷ ಹೆಜ್ಜೆಗಳ ಕುರಿತು.

ಉಲ್ಲೇಖ: ಅರ್ಧ ಗಂಟೆಗೊಮ್ಮೆ ಬರುತ್ತಿದ್ದ ತಮ್ಮ ನಡುಕ.

ಮಾನ್ಯರೇ,

ಎಡಗೈಯ ಮಣಿಕಟ್ಟಿನಲ್ಲಿ ಸದಾ ವಾಸವಾಗಿರುವವರೂ, ನೀರಿಗೆ ಬಿದ್ದರೂ ನೆನೆಯದವರೂ, ದಿನಕ್ಕೊಂದು ಗಂಟೆ ಗೋಡೆಯ ಪ್ಲಗ್ಗಿನಲ್ಲಿ ವಿಶ್ರಾಂತಿ ಪಡೆದು ಉಳಿದ ಇಪ್ಪತ್ತಮೂರು ಗಂಟೆ ನಮ್ಮ ಮನೆಯವರ ಮೇಲೆ ಕಣ್ಣಿಟ್ಟಿರುವವರೂ ಆದ ತಮಗೆ ನಮ್ಮ ಯಜಮಾನರಾದ ಶ್ರೀನಿವಾಸಯ್ಯನವರಿಂದ ಸಾಷ್ಟಾಂಗ ನಮಸ್ಕಾರ, ನನ್ನಿಂದ ಮಂಡಿ ಬಗ್ಗಿದಷ್ಟು ನಮಸ್ಕಾರ. ನಮಸ್ಕಾರವನ್ನು ತಾವು ವ್ಯಾಯಾಮವೆಂದು ಎಣಿಸುವುದಿಲ್ಲವೆಂದು ಅನುಭವದಿಂದ ತಿಳಿದಿದ್ದರೂ ಹಿರಿಯರು ಕಲಿಸಿದ ಪದ್ಧತಿಯನ್ನು ಬಿಡಲಾರದೆ ಅರ್ಪಿಸುತ್ತಿದ್ದೇವೆ.

ನನ್ನ ಹೆಸರು ಚೂಡಾಮಣಿ. ಮೂವತ್ತಮೂರು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದು, ಅಷ್ಟೂ ವರ್ಷ ಹಾಜರಿ ಪುಸ್ತಕದಲ್ಲಿ ಇನ್ನೊಬ್ಬರ ಹೆಸರಿನ ಮುಂದೆ ಒಂದೇ ಒಂದು ಸಹಿ ಹಾಕದೆ ನಿವೃತ್ತಳಾದವಳು. ಈ ಮಾತನ್ನು ಜಂಬಕ್ಕಾಗಿ ಹೇಳುತ್ತಿಲ್ಲ. ಅರವತ್ತೇಳನೆಯ ವಯಸ್ಸಿನಲ್ಲಿ ನನ್ನಿಂದ ತಾವು ಏನು ಮಾಡಿಸಿದಿರಿ ಎಂಬುದು ಮುಂದೆ ಬರುವುದರಿಂದ ಮೊದಲೇ ತಿಳಿಸಿದ್ದೇನೆ.

ಜೂನ್ ತಿಂಗಳಲ್ಲಿ ಮೊಮ್ಮಗಳು ಆರಾಧನಾಳ ಶಾಲೆಯವರು ಮಕ್ಕಳಿಗೆ ಒಳ್ಳೆಯ ಊಟ, ಒಳ್ಳೆಯ ಓಡಾಟ ಅಭ್ಯಾಸವಾಗಲೆಂದು ತರಗತಿಯ ಮೂವತ್ತೆರಡು ಮಕ್ಕಳ ಕೈಗೂ ತಮ್ಮ ವಂಶದವರನ್ನು ಕೊಟ್ಟು ಕಳಿಸಿದರು. ದಿನಕ್ಕೆ ಆರು ಸಾವಿರ ಹೆಜ್ಜೆಯಾದರೆ ತಮ್ಮ ಪುಟ್ಟ ಪರದೆಯ ಮೇಲೆ ಹಸಿರು ಮುಖವೊಂದು ನಗುತ್ತದೆ, ಇಲ್ಲವಾದರೆ ಕೆಂಪು ಮುಖವೊಂದು ಅಳುತ್ತದೆ. ಮಧ್ಯಾಹ್ನ ಅವರ ಮೋನಿಷಾ ಮಿಸ್ ಒಂದೊಂದೇ ಡಬ್ಬಿ ತೆರೆದು ನೋಡಿ ಫೋನಿನಲ್ಲಿ ಬರೆದರೆ ಊಟಕ್ಕೂ ಅಂಥದೇ ಒಂದು ಮುಖ ಮೂಡುತ್ತದೆ. ಉದ್ದೇಶ ಬಹಳ ಒಳ್ಳೆಯದು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಕೇಳುತ್ತಲೇ ಬೆಳೆದ ನಾನು ಇದರಲ್ಲಿ ಹುಳುಕು ಹುಡುಕಲು ಹೋಗಲಿಲ್ಲ. ನನ್ನ ಸೊಸೆ ಪ್ರಿಯಂವದಾ ಕಾಲೇಜಿನಲ್ಲಿ ಪಾಠ ಹೇಳುವವಳು. "ಅತ್ತೆ, ಇವಳಿಗೆ ಈಗಿಂದ್ಲೇ ಡಿಸಿಪ್ಲಿನ್ ಬರುತ್ತೆ ನೋಡಿ," ಎಂದು ಅವಳೇ ತಮ್ಮನ್ನು ಮಗುವಿನ ಕೈಗೆ ಬಿಗಿದಳು. ನಾನು ಆರತಿ ಎತ್ತುವುದೊಂದು ಬಾಕಿ ಇತ್ತು.

ತಾವು ಬರುವ ಮುಂಚೆ ನಮ್ಮ ಮನೆಯಲ್ಲಿ ಆರೋಗ್ಯ ಎಂಬುದು ಇರಲೇ ಇಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಶನಿವಾರ ಸಂಜೆ ಆರಾಧನಾ ನನ್ನ ಜೊತೆ ಗಾಂಧಿಬಜಾರಿಗೆ ನಡೆದು ಬರುತ್ತಿದ್ದಳು. ಬದನೆಕಾಯಿಯ ತೊಟ್ಟು ಹಿಡಿದು ಎಳೆಯದೋ ಬಲಿತದ್ದೋ ಎಂದು ಅವಳೇ ಹೇಳುತ್ತಿದ್ದಳು. ಬಟ್ಟೆಯ ಚೀಲದ ಒಂದು ಹಿಡಿ ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿಂದು, ಬ್ಯೂಗಲ್ ರಾಕಿನ ಬಂಡೆಯನ್ನು ನನಗಿಂತ ಮೊದಲು ಹತ್ತಿ ನಿಂತು "ಅಜ್ಜಿ, ಬೇಗ ಬಾ" ಎಂದು ಕೂಗುತ್ತಿದ್ದಳು. ಹೋಗುವಾಗ ನಡಿಗೆ, ಬರುವಾಗ ಆಟೋ. ಉಳಿದ ದಿನ ಮನೆ ಮುಂದಿನ ಚಪ್ಪಡಿಯ ಮೇಲೆ ಪಕ್ಕದ ಮನೆಯ ಮಕ್ಕಳ ಜೊತೆ ಕುಂಟೆಬಿಲ್ಲೆ, ಜೂಟಾಟ. ಅವರೆಕಾಯಿಯ ಕಾಲದಲ್ಲಿ ನೆನೆಸಿದ ಕಾಳನ್ನು ಹಿತಕಲು ನನ್ನ ಪಕ್ಕ ಕುಳಿತರೆ ಹಿತಕಿದ್ದರಲ್ಲಿ ಅರ್ಧ ಗೋಡೆಗೆ ಹಾರುತ್ತಿತ್ತು, ಆದರೆ ತಾನೇ ಹಿತಕಿದ ಬೇಳೆಯ ಸಾರೆಂದು ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದಳು. ಇವುಗಳಲ್ಲಿ ಯಾವುದಕ್ಕೂ ವ್ಯಾಯಾಮ ಎಂಬ ಹೆಸರೂ ಇರಲಿಲ್ಲ, ಪೌಷ್ಟಿಕ ಆಹಾರ ಎಂಬ ಬಿರುದೂ ಇರಲಿಲ್ಲ. ಹೆಸರಿಲ್ಲದ ಕೆಲಸ ಕಡತಕ್ಕೆ ಸೇರುವುದಿಲ್ಲ ಎಂಬುದು ಕಚೇರಿಯಲ್ಲಿ ದುಡಿದ ನನಗೆ ಗೊತ್ತಿರಬೇಕಿತ್ತು.

ತಾವು ಬಂದು ಕಣ್ಣು ತೆರೆಸಿದಿರಿ. ಅವರೆಕಾಳು ಹಿತಕುವುದು, ಕಥೆ ಕೇಳುವುದು, ತಾತನ ಪಕ್ಕ ಕುಳಿತು ಸಂಜೆಯ ಶ್ಲೋಕ ಹೇಳುವುದು, ಇವೆಲ್ಲ ಸೋಮಾರಿತನವೆಂದು ಅರ್ಧ ಗಂಟೆಗೊಮ್ಮೆ ನಡುಗಿ ತಿಳಿಸಿಕೊಟ್ಟಿರಿ. ಒಂಟಿಕಾಲಿನಲ್ಲಿ ಎಂಟು ಮನೆ ಕುಂಟಿ ಬಂದರೆ ಮೂರೋ ನಾಲ್ಕೋ ಹೆಜ್ಜೆ ಬರೆದುಕೊಂಡು, ಸೋಫಾದ ಮೇಲೆ ಕುಳಿತು ಕೈಯಾಡಿಸಿದರೆ ನಲವತ್ತು ಬರೆದುಕೊಂಡಿರಿ. ಮಗು ಜಾಣೆ. ಯಾವುದರಲ್ಲಿ ಲಾಭವೆಂದು ವಾರದಲ್ಲಿ ತಿಳಿದುಕೊಂಡಳು.

ಊಟದ ವಿಷಯದಲ್ಲಂತೂ ತಮ್ಮ ಪಾಂಡಿತ್ಯಕ್ಕೆ ಎರಡೂ ಕೈ ಜೋಡಿಸುತ್ತೇನೆ. ಬಿಳಿ ಬಣ್ಣದ ಊಟಕ್ಕೆ ಕೆಂಪು ಮುಖ ಎಂಬುದು ತಮ್ಮ ನಿಯಮವಂತೆ. ಜುಲೈ ತಿಂಗಳ ಒಂದು ಗುರುವಾರ ದಾಳಿಂಬೆ ಕಾಳು ಉದುರಿಸಿ, ಶುಂಠಿ ಒಗ್ಗರಣೆ ಹಾಕಿ ಕಳಿಸಿದ ಮೊಸರನ್ನಕ್ಕೆ ತಾವು ಅತ್ತಿರಿ. ಬಣ್ಣದ ಕಾಗದದಲ್ಲಿ ಸುತ್ತಿದ, 'ಮಕ್ಕಳ ಶಕ್ತಿಗೆ' ಎಂದು ಬರೆದಿದ್ದ ಯಾರದೋ ಅಂಗಡಿ ತಿಂಡಿಗೆ ಅದೇ ದಿನ ನಕ್ಕಿರಂತೆ. ಮೋನಿಷಾ ಮಿಸ್ಸನ್ನು ನಾನು ದೂರುವುದಿಲ್ಲ. ಮೂವತ್ತೆರಡು ಡಬ್ಬಿ ನೋಡಿ ಬರೆಯುವಷ್ಟರಲ್ಲಿ ಆ ಹುಡುಗಿಗೆ ತನ್ನ ಡಬ್ಬಿ ತೆರೆಯಲು ಹೊತ್ತು ಸಿಗುತ್ತಿರಲಿಲ್ಲವೆಂದು ಕೇಳಿದ್ದೇನೆ. ಆದರೆ ಆ ಸಂಜೆ ಆರಾಧನಾ ಚಪ್ಪಲಿ ಬಿಚ್ಚುವ ಮೊದಲೇ ಕೇಳಿದ್ದು, "ಅಜ್ಜಿ, ಮೊಸರನ್ನ ಕೆಟ್ಟದ್ದಾ?" ಎಂದು. ನನ್ನ ಕೈತುತ್ತಿನಲ್ಲೇ ಬೆಳೆದ ಮಗು. ಅಂದಿನಿಂದ ತಟ್ಟೆಯ ಮುಂದೆ ಕುಳಿತರೆ ಮೊದಲು ಬಣ್ಣ ಕೇಳುತ್ತಿದ್ದಳು, ಆಮೇಲೆ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದಳು. ನನಗೆ ಅಳು ಬರುತ್ತಿತ್ತು, ಆದರೆ ಅದಕ್ಕೂ ತಾವು ಯಾವ ಮುಖ ತೋರಿಸುವಿರೋ ಎಂದು ಸುಮ್ಮನಿದ್ದೆ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಶ್ರಾವಣದ ಕೊನೆಗೆ ಸೋಮವಾರವೇ ಅಮಾವಾಸ್ಯೆ ಬಿತ್ತು. ಆ ದಿನ ಅಶ್ವತ್ಥಕಟ್ಟೆಗೆ ನೂರೆಂಟು ಸುತ್ತು ಬರುವುದು ನಾನು ಮದುವೆಯಾಗಿ ಬಂದಾಗಿನಿಂದ ನಡೆಸಿಕೊಂಡು ಬಂದ ವ್ರತ. ಎಣಿಕೆ ತಪ್ಪದಿರಲೆಂದು ಸುತ್ತಿಗೊಂದರಂತೆ ನೂರೆಂಟು ಕಡಲೆಕಾಯಿ ಕಟ್ಟೆಯ ಮೇಲಿಟ್ಟು, ಕೊನೆಗೆ ಅದನ್ನೇ ಹಂಚುವುದು ಪದ್ಧತಿ. ಅಂದು ಆರಾಧನಾಳಿಗೆ ಜ್ವರ. ಮಲಗಿದಲ್ಲಿಂದಲೇ ತಮ್ಮನ್ನು ನೋಡಿ ಅಳುತ್ತಿದ್ದಳು, ಇವತ್ತು ಕೆಂಪಾದರೆ ಹನ್ನೊಂದು ದಿನದ ಹಸಿರು ಸಾಲು ಕಡಿದು ಹೋಗುತ್ತದೆ ಎಂದು. ಮೈ ಸುಡುವ ಮಗುವಿನ ಅಳು ಯಾವ ಅಜ್ಜಿಗೆ ತಡೆದೀತು? ತಮ್ಮ ಪಟ್ಟಿ ನನ್ನ ಮಣಿಕಟ್ಟಿಗೆ ಸಾಲದಿದ್ದುದರಿಂದ ಅರಿಶಿನದ ದಾರದಿಂದ ತಮ್ಮನ್ನು ಕಟ್ಟಿಕೊಂಡು ಹೋಗಿ ಕಟ್ಟೆಯನ್ನು ಸುತ್ತಿದೆ. ಮನೆಗೆ ಬಂದಾಗ ತಮ್ಮ ಪರದೆಯಲ್ಲಿ ಒಂಬತ್ತು ಸಾವಿರದ ಮುನ್ನೂರ ಹನ್ನೆರಡು ಹೆಜ್ಜೆ, ಮುಖ ಹಸಿರು. ಮಗು ನಕ್ಕಳು. ಯಜಮಾನರು ಮಾತ್ರ ಪೇಪರಿನ ಹಿಂದಿನಿಂದ, "ಇದು ಬೋಗಸ್ ಹಾಜರಿ ಕಣೇ, ಚೂಡಾಮಣಿ," ಎಂದರು. ಒಂದು ದಿನದ ಮಾತು ತಾನೇ ಎಂದೆ.

ತಮ್ಮ ಉದಾರ ಬುದ್ಧಿಯ ಪರಿಚಯ ನನಗಾಗ ಇರಲಿಲ್ಲ. ಚೆನ್ನಾಗಿ ನಡೆದವರಿಗೆ ಇನ್ನಷ್ಟು ನಡೆಯುವ ಅವಕಾಶ ಕೊಡುವುದು ತಮ್ಮ ಪದ್ಧತಿ. ಮರುವಾರದಿಂದ ಗುರಿಯನ್ನು ಆರು ಸಾವಿರದಿಂದ ಒಂಬತ್ತು ಸಾವಿರಕ್ಕೆ ಏರಿಸಿದಿರಿ. ಜ್ವರದಿಂದ ಎದ್ದ ಐದು ವರ್ಷದ ಮಗು ಅದನ್ನು ಮುಟ್ಟುವುದಾದರೂ ಹೇಗೆ? ಹಾಗಾಗಿ ಅವಳು ಶಾಲೆಯಿಂದ ಬಂದೊಡನೆ ತಮ್ಮನ್ನು ಬಿಚ್ಚಿ ನನ್ನ ಕೈಗೆ ಕೊಡುವುದು, ನಾನು ಕಟ್ಟೆ ಸುತ್ತಲು ಹೊರಡುವುದು ನಿತ್ಯದ ಕ್ರಮವಾಯಿತು. ನನಗೆ ಮಂಡಿ ಹಿಡಿದ ದಿನ ಯಜಮಾನರು ತಮ್ಮನ್ನು ಜೇಬಿನಲ್ಲಿಟ್ಟುಕೊಂಡು ಅಕ್ಕಿಪೇಟೆಯವರೆಗೆ ಹೋಗಿ ಅರ್ಧ ಕೆಜಿ ಅವಲಕ್ಕಿ ತರುತ್ತಿದ್ದರು; ಬೋಗಸ್ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ. ಪಕ್ಕದ ಮನೆಯ ಆಂಡಾಳ್ ಅವರೂ, "ಇವತ್ತು ನನ್ನ ಕೈಗೆ ಕೊಡಿ ಚೂಡಾಮಣಿ, ಹೇಗೂ ಲಾಲ್‌ಬಾಗಿಗೆ ವಾಕಿಂಗ್ ಹೋಗ್ತಿದೀನಿ," ಎಂದು ಕೆಲವು ರಜಾದಿನ ಪುಣ್ಯ ಕಟ್ಟಿಕೊಂಡರು. ನಾವು ನಡೆದಷ್ಟೂ ತಾವು ಗುರಿ ಏರಿಸಿದಿರಿ, ತಾವು ಏರಿಸಿದಷ್ಟೂ ನಾವು ನಡೆದೆವು. ನನ್ನ ರಕ್ತದ ಸಕ್ಕರೆ ಇಳಿದು ಡಾಕ್ಟರು ಬೆನ್ನು ತಟ್ಟಿದರು. ಮಕ್ಕಳ ಆರೋಗ್ಯಕ್ಕೆಂದು ಹೊರಟು ಅಜ್ಜಿಯರ ಆರೋಗ್ಯ ಸುಧಾರಿಸಿದ ತಮಗೆ ಹಿರಿಯ ನಾಗರಿಕರ ಸಂಘದಿಂದ ಶಾಲು ಹೊದಿಸಬೇಕೆಂಬ ಸಲಹೆಯೂ ನನ್ನಲ್ಲಿದೆ.

ಆದರೆ ನವೆಂಬರಿನ ಒಂದು ಸಂಜೆ ಕಟ್ಟೆಗೆ ಹೊರಟವಳು ಬಾಗಿಲಲ್ಲಿ ತಿರುಗಿ ನೋಡಿದೆ. ಬೀದಿಯಲ್ಲಿ ಮಕ್ಕಳು ಜೂಟಾಟ ಆಡುತ್ತಿದ್ದರು, ಆರಾಧನಾ ಸೋಫಾದ ಮೇಲೆ ಕಾಲು ಮಡಿಸಿ ಕುಳಿತಿದ್ದಳು. ಹೋಗಿ ಆಡಬಾರದೇನೇ ಎಂದು ಕೇಳಿದೆ. ಅವಳು ಬಹಳ ಸಮಾಧಾನದಿಂದ, ದಡ್ಡರಿಗೆ ತಿಳಿ ಹೇಳುವಂತೆ ಹೇಳಿದಳು: "ಬ್ಯಾಂಡ್ ನಿನ್ನ ಕೈಲಿದೆಯಲ್ಲ ಅಜ್ಜಿ. ಈಗ ಓಡಿದ್ರೆ ವೇಸ್ಟು."

ಮಾನ್ಯರೇ, ಆ ಮಾತು ಕೇಳಿದ ಮೇಲೂ ನಾನು ಕಟ್ಟೆ ಸುತ್ತಿ ಬಂದೆ. ನನ್ನ ನಿಜವಾದ ತಪ್ಪು ಅದು. ಜ್ವರದ ದಿನದ್ದನ್ನು ದೇವರು ಕ್ಷಮಿಸಿಯಾನು, ಇದನ್ನು ನಾನೇ ಕ್ಷಮಿಸಿಕೊಂಡಿಲ್ಲ. ಇನ್ನೇನು ವಾರ್ಷಿಕೋತ್ಸವ ಬಂತು, ಅಲ್ಲಿಯವರೆಗೆ ಮಗುವಿನ ಮುಖ ಬಾಡದಿರಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಡಿಸೆಂಬರಿನ ವಾರ್ಷಿಕೋತ್ಸವದಲ್ಲಿ ತಮ್ಮ ಲೆಕ್ಕದ ಪ್ರಕಾರ ಆರಾಧನಾ ಶಾಲೆಯ 'ಆರೋಗ್ಯ ತಾರೆ'. ಹೆಸರು ಕೂಗಿದರು. ವೇದಿಕೆಗೆ ಏಳು ಮೆಟ್ಟಿಲು, ನಾನು ಎಣಿಸಿದೆ. ಬಂಡೆಯ ಮೇಲೆ ನಿಂತು ನನ್ನನ್ನು ಕೂಗುತ್ತಿದ್ದ ಮಗು ಐದನೆಯ ಮೆಟ್ಟಿಲಿನಲ್ಲಿ ನಿಂತು ಉಸಿರು ತೆಗೆದುಕೊಂಡಳು. ಮೋನಿಷಾ ಮಿಸ್ ಪದಕ ಹಾಕಿ, ಮೈಕು ಬಗ್ಗಿಸಿ, "ಇಷ್ಟೊಂದು ಸ್ಟೆಪ್ಸ್ ಹೇಗೆ ಮಾಡ್ದೆ ಪುಟ್ಟಾ? ಎಲ್ರಿಗೂ ಹೇಳು," ಎಂದರು.

"ಅಜ್ಜಿ ಮಾಡಿದ್ದು ಮಿಸ್. ಆಂಡಾಳ್ ಅಜ್ಜೀನೂ ಮಾಡಿದ್ರು. ನಾನು ಮನೇಲಿ ಕೂತಿರ್ತೀನಿ," ಎಂದಳು.

ಪ್ರಿಯಂವದಾ ನನ್ನ ಕಡೆ ತಿರುಗಿದಳು, ನಾನು ಫ್ಯಾನಿನ ಕಡೆ ತಿರುಗಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿದ ಆ ಗಳಿಗೆಯಲ್ಲೂ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು: ನಮ್ಮ ಸಾಲಿನಲ್ಲಿದ್ದ ಐದಾರು ಅಜ್ಜಂದಿರು, ಅಜ್ಜಿಯರು ತಮ್ಮ ತಮ್ಮ ಎಡಗೈಯನ್ನು ಮೆಲ್ಲಗೆ ಶಾಲಿನೊಳಗೂ ಸೆರಗಿನೊಳಗೂ ಎಳೆದುಕೊಳ್ಳುತ್ತಿದ್ದರು. ಯಾರೋ ಮೊದಲು ನಕ್ಕರು. ಆಮೇಲೆ ಮೋನಿಷಾ ಮಿಸ್ ಕೂಡ ಮೈಕಿನ ಹಿಂದೆ ಮುಖ ಮರೆಸಿಕೊಂಡು ನಕ್ಕರು. ಮನೆಗೆ ಬಂದ ಮೇಲೆ ಪ್ರಿಯಂವದಾ ಬೈಯಲಿಲ್ಲ. ತಮ್ಮನ್ನು ಬಿಚ್ಚಿ ಫ್ರಿಜ್ಜಿನ ಮೇಲಿಟ್ಟು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅತ್ತೆ, ಮೊಸರನ್ನ ಕಲಸಿ, ನನಗೂ ಒಂದು ತುತ್ತು ಕೊಡಿ," ಎಂದಳು.

ಇದೆಲ್ಲವನ್ನು ಪರಿಶೀಲಿಸಿ ತಾವು ಕೃಪೆಯಿಟ್ಟು ನನ್ನ ಕೆಲವು ಸಣ್ಣ ಕೋರಿಕೆಗಳನ್ನು ನಡೆಸಿಕೊಡಬೇಕು. ಬದನೆಕಾಯಿ ಆರಿಸುವಾಗ ಮಗುವಿನ ಹುಬ್ಬು ಗಂಟಿಕ್ಕುವುದಕ್ಕೆ ಇಂತಿಷ್ಟು ಹೆಜ್ಜೆಯೆಂದು ಬರೆದುಕೊಳ್ಳಬೇಕು. ಗೋಡೆಗೆ ಹಾರಿದ ಪ್ರತಿ ಅವರೆಬೇಳೆಗೂ ಒಂದು ಹಸಿರು ಮುಖ ಕೊಡಬೇಕು. ಜೂಟಾಟದಲ್ಲಿ ಬಿದ್ದು ಮಂಡಿ ತರಚಿಕೊಂಡು ಎದ್ದು ಮತ್ತೆ ಓಡುವುದಕ್ಕೆ ವಿಶೇಷ ಪದಕವಿರಬೇಕು. ಮೊಸರನ್ನದ ಮುಂದೆ ಅತ್ತ ಬಗ್ಗೆ ಲಿಖಿತ ವಿವರಣೆ ಕೊಡಬೇಕು. ಇವು ಯಾವುವೂ ತಮ್ಮಿಂದ ಆಗದಿದ್ದಲ್ಲಿ ಫ್ರಿಜ್ಜಿನ ಮೇಲೆ ಸುಮ್ಮನೆ ಕೂರಬೇಕು. ಅರ್ಧ ಗಂಟೆಯಾಯಿತೆಂದು ನಾವು ಯಾರೂ ತಮ್ಮನ್ನು ನಡುಗಿಸುವುದಿಲ್ಲ.

ಕೊನೆಯದಾಗಿ ಒಂದು ವರದಿ. ಕಳೆದ ಶನಿವಾರ ಇಪ್ಪತ್ತೊಂದು ಸುತ್ತಿಗೆಂದು ಕಟ್ಟೆಗೆ ಹೊರಟಾಗ ಆರಾಧನಾ ತಾನೂ ಬರುವೆನೆಂದಳು. ಇಪ್ಪತ್ತೊಂದು ಕಡಲೆಕಾಯಿ ಎಣಿಸಿ ಅವಳ ಲಂಗದ ಜೇಬಿಗೆ ಹಾಕಿ, ಸುತ್ತಿಗೊಂದು ಇಡು ಎಂದೆ. ಮೊದಲ ಎರಡು ಸುತ್ತು ನನ್ನ ಕೈಹಿಡಿದು ಬಂದವಳು ಮೂರನೆಯದಕ್ಕೆ ಕೈ ಬಿಡಿಸಿಕೊಂಡು ಓಡಿದಳು. ನಾನು ಒಂದು ಸುತ್ತುವಷ್ಟರಲ್ಲಿ ಅವಳು ಎರಡು. ಬಹಳ ಹೊತ್ತಾದ ಮೇಲೆ ಕಟ್ಟೆಯ ಮೇಲೆ ನೋಡಿದರೆ ಇದ್ದದ್ದು ಬರೀ ಸಿಪ್ಪೆ. ಇಟ್ಟದ್ದನ್ನೆಲ್ಲ ಹಿಂದಿನಿಂದ ತಿನ್ನುತ್ತಾ ಬಂದಿದ್ದಳು. ಎಷ್ಟು ಸುತ್ತಾಯಿತೇ ಎಂದು ಕೇಳಿದರೆ ಬಾಯಿ ತುಂಬ ಕಡಲೆ ಇಟ್ಟುಕೊಂಡು, "ಗೊತ್ತಿಲ್ಲ ಅಜ್ಜಿ, ಇನ್ನೊಂದ್ಸಲ ಮೊದಲಿಂದ ಓಡೋಣ," ಎಂದಳು. ಓಡಿದೆವು. ಆ ಸಂಜೆ ಎಷ್ಟು ಹೆಜ್ಜೆಯಾಯಿತೆಂಬುದು ಯಾವ ದಾಖಲೆಯಲ್ಲೂ ಇಲ್ಲ.

ಇನ್ನು ಮುಂದೆ ತಮ್ಮ ಪರವಾಗಿ ಒಂದು ಹೆಜ್ಜೆಯನ್ನೂ ಇಡದ,
ತಮ್ಮ ವಿಶ್ವಾಸಿ,
ಚೂಡಾಮಣಿ ಶ್ರೀನಿವಾಸಯ್ಯ

ತಾ.ಕ.: ಫ್ರಿಜ್ಜಿನ ಮೇಲೆ ತಮಗೆ ಬೇಸರವಾದೀತೆಂದು ಮೊನ್ನೆ ನಮ್ಮ ಯಜಮಾನರು ತಮ್ಮನ್ನು ಅಶ್ವತ್ಥದ ಒಂದು ಎಳೆಯ ಟೊಂಗೆಗೆ ಕಟ್ಟಿ ಬಂದಿದ್ದರು. ಗಾಳಿ ಚೆನ್ನಾಗಿತ್ತು. ಮೊಳೆತ ದಿನದಿಂದ ಇಂದಿನವರೆಗೆ ಒಂದು ಹೆಜ್ಜೆಯೂ ಇಡದ ಆ ಮರಕ್ಕೆ ತಾವು ಹನ್ನೊಂದು ಸಾವಿರ ಹೆಜ್ಜೆ ಬರೆದುಕೊಂಡು ನಗುತ್ತಿದ್ದುದನ್ನು ನೋಡಿ ನಮಗೆಲ್ಲ ಸಂತೋಷವಾಯಿತು. ಮುಂದಿನ ವರ್ಷದ 'ಆರೋಗ್ಯ ತಾರೆ'ಗೆ ಅದರ ಹೆಸರನ್ನು ಶಿಫಾರಸು ಮಾಡಿ ಶಾಲೆಗೆ ಪ್ರತ್ಯೇಕ ಪತ್ರ ಬರೆಯುತ್ತಿದ್ದೇನೆ; ಪದಕ ತೆಗೆದುಕೊಳ್ಳಲು ಅದು ಮೆಟ್ಟಿಲು ಹತ್ತಿ ಬರಲಾರದು, ಆದ್ದರಿಂದ ತಾವೇ ಕಟ್ಟೆಯವರೆಗೆ ನಡೆದು ಬರಬೇಕಾಗಿ ವಿನಂತಿ.