ಕೆಮ್ಮಿದರೆ ಹೊರಗೆ, ಮಲಗಿದರೆ ಒಳಗೆ

ಮಂದಿಗೆ ನಗು ಬರುವಂಥ ಪ್ರಸಂಗಗಳು ನನ್ನ ಪಾಲಿಗೆ ಬರುವುದು ಯಾವಾಗಲೂ ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಾಗಲೇ. ಹೆದರಿದವನ ಮೇಲೆ ಹಾವು ಎಸೆದಂತೆ ಒಂದರ ಹಿಂದೆ ಒಂದು ಬಂದು ಬೀಳುತ್ತವೆ.

ನಮ್ಮ ಶಹಾಪುರ ಸೀಮೆಗೆ ಕಾಲುವೆ ನೀರು ಬಂದು ಆಗಿನ್ನೂ ಬಹಳ ವರ್ಷವಾಗಿರಲಿಲ್ಲ. ನಾನು ಒಂದು ಉಪಕಾಲುವೆಯ ಗೇಟ್‌ಮನ್. ನಾರಾಯಣಪುರ ಡ್ಯಾಮಿನಿಂದ ಬಂದ ನೀರನ್ನು ಪಾಳಿಯ ಪ್ರಕಾರ ಊರೂರಿಗೆ ಬಿಡುವುದು, ನಿಲ್ಲಿಸುವುದು ನನ್ನ ಕೆಲಸ. ತುಕ್ಕು ಹಿಡಿದ ಗೇಟಿನ ಹ್ಯಾಂಡಲ್ಲು ತಿರುವಿ ತಿರುವಿ ಒಂದು ದಿನ ಬಲತೊಡೆಯ ಸಂದಿಯಲ್ಲಿ ನಿಂಬೆಕಾಯಿಯಷ್ಟು ಗಂಟು ಎದ್ದಿತು. ಮಲಗಿದರೆ ಮಾಯ, ಎದ್ದು ನಿಂತರೆ ಹಾಜರ್.

೧. ಮರ್ಯಾದೆಯ ಕೆಮ್ಮು

ಶಹಾಪುರದ ಡಾಕ್ಟರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ಕೆಮ್ಮರಿ ನೋಡೋಣ" ಅಂದರು.

ಹಿರಿಯರ ಮುಂದೆ ಕೆಮ್ಮುವಂತೆ ಬಾಯಿಗೆ ಕೈ ಅಡ್ಡ ಹಿಡಿದು ಸಣ್ಣಗೆ ಕೆಮ್ಮಿದೆ.

"ಜೋರ ಕೆಮ್ಮರಿ."

"ಜೋರ ಕೆಮ್ಮಿದ್ರ ಹೊರಗ ಬರ್ತದ್ರಿ ಸಾಹೇಬ್ರ!"

"ಅದನ್ನ ನೋಡಾಕ ತಮ್ಮಾ, ನಾ ಕೆಳಗ ಕುಂತಿದ್ದು."

ಕಣ್ಣು ಮುಚ್ಚಿ ಕೆಮ್ಮಿದೆ. ಬಂತು. ಹರ್ನಿಯಾ ಅಂದರು, ಹೊಟ್ಟೆಯ ಪರದೆ ಸಡಿಲಾಗಿ ಕರುಳು ಇಳಿಯುತ್ತದೆ, ಆಪರೇಷನ್ ಆಗಬೇಕು ಅಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಒಂದಿನ ಅದು ಒಳಗ ಹೋಗಲಿಲ್ಲಂದ್ರ, ವಾಂತಿ ಸುರು ಆದ್ರ, ಒಂದು ತಾಸೂ ತಡೀಬ್ಯಾಡ್ರಿ. ಜೀವಕ್ಕ ಬರ್ತದ" ಅಂದುಬಿಟ್ಟರು. ಅವತ್ತಿನಿಂದ ನನಗೆ ಬೇರೆ ಕೆಲಸವೇ ಉಳಿಯಲಿಲ್ಲ. ತಾಸಿಗೊಮ್ಮೆ ಮಲಗುವುದು, ಒಳಗೆ ಹೋಯಿತೇ ಎಂದು ಮುಟ್ಟಿ ನೋಡುವುದು. ಎರಡು ದಿನ ಹೀಗೆ ನೋಡಿದ ಹೆಂಡತಿ ಅಂದಳು: "ಕೋಳಿಯಾದ್ರೂ ತತ್ತಿನ ಇಷ್ಟು ಸಲ ಮುಟ್ಟಿ ನೋಡಂಗಿಲ್ಲ ಬಿಡ್ರಿ."

೨. ಜೇಬಿನೊಳಗಿನ ಕೈ

ಆಪರೇಷನ್ನಿಗೆ ಹೆದರಿ ಒಂದು ವರ್ಷ ಹಾಗೇ ದೂಡಿದೆ. ನಡೆಯುವಾಗ ಬಲಗೈ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು, ಗಂಟನ್ನು ಒತ್ತಿಕೊಂಡು. ಆಗಲೇ ದೊಡ್ಡ ಇಂಜಿನಿಯರು ತನಿಖೆಗೆ ಬಂದರು. ಎಲ್ಲರೂ ಕೈಮುಗಿದು ನಿಂತಿದ್ದಾರೆ, ನಾನೊಬ್ಬ ಜೇಬಿನಲ್ಲಿ ಕೈ ಇಟ್ಟುಕೊಂಡು ಜಮೀನ್ದಾರನ ಹಾಗೆ ನಿಂತಿದ್ದೇನೆ.

"ಏ, ಕೈ ತಗಿ!" ಎಂದು ಗದರಿದರು.

"ತಗದ್ರ ಕರುಳು ಬರ್ತದ್ರಿ ಸಾಹೇಬ್ರ."

ಸುತ್ತ ಇದ್ದವರು ನಕ್ಕರು. ಸಾಹೇಬರು ನಗಲಿಲ್ಲ. ನನ್ನ ತೋಳು ಹಿಡಿದು ಜೀಪಿನ ಹಿಂದಕ್ಕೆ ಕರೆದೊಯ್ದರು. ನೌಕರಿ ಹೋಯಿತು ಅಂದುಕೊಂಡೆ. ಅವರು ಆಚೀಚೆ ನೋಡಿ, ದನಿ ತಗ್ಗಿಸಿ, "ಯಾ ಕಡೀದು?" ಅಂದರು.

"ಬಲಕ್ಕರಿ."

"ನಂದು ಎಡಕ್ಕ."

ಇಷ್ಟು ದೊಡ್ಡ ಮನುಷ್ಯನೂ ನನ್ನ ಹಾಗೆಯೇ ಎಂದು ನನಗೆ ಕಣ್ಣಲ್ಲಿ ನೀರು ಬಂತು. "ತಾವು ಆಪರೇಷನ್ ಮಾಡಿಸ್ಕೊಂಡ್ರ್ಯಾ ಸಾಹೇಬ್ರ?" ಎಂದು ಕೇಳಿದೆ.

"ಇಲ್ಲ. ನೀ ಮೊದ್ಲು ಮಾಡಿಸ್ಕೊ. ಹೆಂಗಾತು ಬಂದು ನಂಗ ಹೇಳು."

ನಾನು ಕೇಳದೆಯೇ ಮರುದಿನ ನನ್ನ ರಜೆ ಮಂಜೂರಾಗಿ ಬಂತು.

೩. ಧೈರ್ಯ ಹೇಳಲು ಬಂದವರು

ಸುದ್ದಿ ತಿಳಿದು ಕೆಂಭಾವಿಯಿಂದ ಸೋದರಮಾವ ಧೈರ್ಯ ಹೇಳಲು ಬಂದ. ಚಹಾ ಕುಡಿದು ಮುಗಿಸಿ, "ನಮ್ಮೂರಾಗ ಒಬ್ಬಾಂವ ಇದ ಆಪರೇಷನ್ ಮಾಡಿಸ್ಕೊಂಡಿದ್ದ" ಅಂದ.

"ಈಗ ಹೆಂಗದಾನ?"

"ಹೋದ."

"ಹೊಲಿಗಿ ಬಿಚ್ಚಿತೇನು ಮಾವ?"

"ಛೇ ಛೇ! ಮನಿಗೆ ಬರೂಮುಂದ ಹಾದ್ಯಾಗ ಹೋರಿ ಹಾಯ್ತು. ಹೊಲಿಗಿ ಮಾತ್ರ ಒಂದೂ ಬಿಚ್ಚಿದ್ದಿಲ್ಲ ನೋಡು. ಏನು ಡಾಕ್ಟ್ರಪಾ ಆತ!"

೪. ಯಾರದೋ ಕಾಲು

ಆಪರೇಷನ್ ದಿನ ಬೆನ್ನಿಗೆ ಸೂಜಿ ಚುಚ್ಚಿದರು. ಸೊಂಟದ ಕೆಳಗೆ ಏನೂ ತಿಳಿಯಲಿಲ್ಲ. ಎಲ್ಲ ಮುಗಿಸಿ ವಾರ್ಡಿಗೆ ತಂದು ಮಲಗಿಸಿದ ಮೇಲೆ, ಗಾಯ ಎಲ್ಲಿದೆ ನೋಡೋಣವೆಂದು ಚಾದರದೊಳಗೆ ಕೈ ಇಳಿಬಿಟ್ಟೆ. ಕೈಗೆ ಒಂದು ಕಾಲು ಸಿಕ್ಕಿತು. ತಣ್ಣಗಿತ್ತು, ಕೂದಲಿತ್ತು. ಚಿವುಟಿದೆ, ನನಗೆ ನೋಯಲಿಲ್ಲ. ಅಂದಮೇಲೆ ಅದು ನನ್ನದಲ್ಲ. ಪಕ್ಕದಲ್ಲಿ ಯಾವುದೋ ಹೆಣ ಮಲಗಿಸಿದ್ದಾರೆ ಎಂದುಕೊಂಡು ಬೆವತುಹೋದೆ.

ಹೆಂಡತಿಯನ್ನು ಕರೆದು ಪಿಸುಗುಟ್ಟಿದೆ: "ಏ, ಹಾಸಿಗ್ಯಾಗ ಯಾರದೋ ಕಾಲು ಅದ."

"ನಿಮ್ಮದ ಅದರಿ ಅದು."

"ನಂದಾಗಿದ್ರ ನಂಗ ಗೊತ್ತಾಗ್ತಿದ್ದಿಲ್ಲೇನು?"

ಅವಳು ಚಾದರ ಎತ್ತಿ, ಎರಡೂ ಪಾದ ನೋಡಿ, ಮತ್ತೆ ಹೊದಿಸಿದಳು. "ಕೆನಾಲಿನ ಕೆಸರು ತುಳಕೊಂಡು ಬಂದು ಹೊಸಲಿ ಮ್ಯಾಲ ಇಡೂ ಕಾಲು ಇವ. ಐದು ವರ್ಷ ಒರಸೀನಿ. ನಿಮಗ ಗುರ್ತು ಸಿಗಲಿಲ್ಲಂದ್ರೂ ನಂಗ ಸಿಗ್ತದ, ಸುಮ್ಮ ಮಕ್ಕೋರಿ."

೫. ಹೊರಸಿನ ಮೇಲೆ

ಒಂದೂವರೆ ತಿಂಗಳು ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಾನು ನನ್ನ ಮೈಯನ್ನೇ ಹಗ್ಗ ಹೆಣೆದ ಹೊರಸಿನಿಂದ ಎತ್ತಲಿಲ್ಲ. ಸೀನು ಬಂದರೆ ಮೂಗು ಹಿಡಿಯುವುದು, ನಗು ಬಂದರೆ ಸತ್ತವರನ್ನು ನೆನೆಯುವುದು. ಹೊಲಿಗೆ ಬಿಚ್ಚುತ್ತದೆ ಎಂಬ ಭಯ ಹಾಗಿತ್ತು.

ಕಾಲುವೆಯ ತಲೆಯ ಕಡೆ, ಗೇಟಿಗಿಂತ ಮೇಲೆ ಹೊಲ ಇದ್ದವರು ಹಣ್ಣು ತಂದುಕೊಟ್ಟು, "ಮೂರು ತಿಂಗಳು ಏಳಬ್ಯಾಡೋ ತಮ್ಮಾ" ಅಂದರು. ಕೊನೆಯ ಊರಿನವರು ಬರಿಗೈಯಲ್ಲಿ ಬಂದು, "ಮಾರಿ ಮ್ಯಾಲ ಕಳೆ ಬಂದದ, ನಾಳೆ ಏಳಬಹುದು" ಅಂದರು. ನನ್ನ ಬದಲಿಗೆ ಬಂದಿದ್ದವನು ಮೇಲಿನವರ ಮನೆಯಲ್ಲೇ ಉಣ್ಣುತ್ತಿದ್ದ. ಕೊನೆಯವರ ಭತ್ತಕ್ಕೆ ಹನಿ ನೀರು ತಲುಪುತ್ತಿರಲಿಲ್ಲ.

ಕಡೆಗೆ ಅವರಲ್ಲಿ ನಾಲ್ಕು ಮಂದಿ ಒಂದು ಮುಂಜಾನೆ ಬಂದು, "ಯಣ್ಣಾ, ನೀ ಗೇಟಿನ ಮುಂದ ಸುಮ್ಮ ಇರು. ಎಷ್ಟು ಸುತ್ತು ಅಂತ ಹೇಳು, ತಿರುವೋರು ನಾವು" ಅಂದರು. ನಡೆಯಲಾರೆ ಅಂದೆ. ಬಂಡಿಯಲ್ಲಿ ಕುಲುಕಾಟ, ಹೊಲಿಗೆ ತಡೆಯುವುದಿಲ್ಲ ಅಂದೆ. ಅವರು ನನ್ನನ್ನು ಹೊರಸಿನ ಸಮೇತ ಹೆಗಲಿಗೇರಿಸಿದರು. ಎತ್ತುವ ಮೊದಲು, ಗಾಳಿ ಹೊಕ್ಕೀತೆಂದು ಹೆಂಡತಿ ಕಿವಿಗೆ ಹತ್ತಿ ಇಟ್ಟು, ಗದ್ದಕ್ಕೆ ಸೇರಿಸಿ ತಲೆಗೆ ಟವೆಲ್ಲು ಬಿಗಿದಳು. ಬಿಸಿಲಿಗೆಂದು ಮೇಲೊಂದು ಬಿಳಿ ಧೋತರ ಹೊದಿಸಿದಳು.

ಕಾಲುವೆಯ ಏರಿಯ ಮೇಲೆ ಹೊರಟೆವು. ಎದುರು ಬಂದ ಸೈಕಲ್ಲಿನವನು ಇಳಿದು, ಟೊಪ್ಪಿಗೆ ತೆಗೆದು, ಕೈಮುಗಿದ. ಹೊಲದಲ್ಲಿದ್ದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಗಾಬರಿಯಾಯಿತು. ಮಾತಾಡಬೇಕೆಂದರೆ ಬಿಗಿದ ಟವೆಲ್ಲಿನಿಂದ ಬಾಯಿ ಬಿಡಲಾಗದು.

ಗೇಟಿನ ಹತ್ತಿರ ಬರುವಷ್ಟರಲ್ಲಿ ಮೇಲಿನ ಊರಿನ ಗೌಡರು ಓಡಿ ಬಂದರು. ಹೊರಸಿನ ಕಾಲು ಹಿಡಿದು ಅಳಲು ಹತ್ತಿದರು.

"ಎಂಥಾ ದೇವರಂಥಾ ಮನಷ್ಯಾ ಇದ್ದ್ಯೋ ತಮ್ಮಾ! ಒಂದು ವರ್ಷದಿಂದ ಕೆನಾಲಿಗೆ ಮೂರು ಪೈಪ ಹಚ್ಚಿ ನೀರು ಎಳದೀನಿ, ಕಣ್ಣಾರೆ ನೋಡಿದ್ರೂ ನೀ ಒಂದ ಮಾತ ಅಂದಿಲ್ಲಲ್ಲೋ!"

ನಿಜ ಹೇಳುತ್ತೇನೆ, ಪೈಪುಗಳನ್ನು ಕಂಡಿದ್ದೆ. ಸುಮ್ಮನಿದ್ದದ್ದು ಲಂಚ ತಿಂದಲ್ಲ. ಜಗಳಕ್ಕೆ ನಿಂತರೆ ಕೂಗಬೇಕು, ಕೂಗಿದರೆ ಕರುಳು ಇಳಿಯುತ್ತದೆ, ಇಳಿದದ್ದು ಮತ್ತೆ ಒಳಗೆ ಹೋಗದಿದ್ದರೆ? ನನ್ನೊಬ್ಬನ ಹೆದರಿಕೆಗೆ ಕೊನೆಯ ಊರಿನ ಭತ್ತ ಒಣಗಿತ್ತು. ಅದು ಪಾಪವೇ, ಒಪ್ಪುತ್ತೇನೆ. ಆದರೆ ಒಪ್ಪಿಕೊಳ್ಳುವ ಜಾಗ ಅದಾಗಿರಲಿಲ್ಲ. ಹೊತ್ತಿದ್ದ ನಾಲ್ವರೂ ಕೊನೆಯ ಊರಿನವರು, ಪಕ್ಕದಲ್ಲಿ ತುಂಬಿ ಹರಿಯುವ ಕಾಲುವೆ.

ಹೊರಸು ನಿಂತಿತು. ಮುಂದೆ ಹೊತ್ತವನು ಹಿಂತಿರುಗಿ ಕೂಡ ನೋಡದೆ, ಬಹಳ ಮೆತ್ತಗೆ ಕೇಳಿದ:

"ಯಣ್ಣಾ, ಆ ಮೂರು ಪೈಪ ಎಷ್ಟೆಷ್ಟು ಇಂಚಿನವು?"

ಸಾಯುತ್ತೇನೆಂದು ಒಂದು ವರ್ಷ ಹೆದರಿದ್ದ ನಾನು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಗೌಡರು ಅಳುತ್ತಿದ್ದುದು ಸರಿಯೆಂದೇ ಕಾಣುವ ಹಾಗೆ ಅಲುಗಾಡದೆ ಮಲಗಿಬಿಟ್ಟೆ.