ರೊಟ್ಟಿಯೂ ಅಲ್ಲ, ಸೀರಿಯೂ ಅಲ್ಲ

ಹೆಂಡತಿಗೆ ವಾರಕ್ಕೊಂದು ದಿನವಾದರೂ ವಿಶ್ರಾಂತಿ ಕೊಡಬೇಕೆಂಬ ಸದ್ವಿಚಾರ ಗಜೇಂದ್ರಗಡದ ಪಂಪ್‌ಸೆಟ್ ವ್ಯಾಪಾರಿ ಸಂಗನಬಸಪ್ಪನಿಗೆ ಮದುವೆಯಾದ ಮೂವತ್ತೊಂದನೆಯ ವರ್ಷದಲ್ಲಿ ಹೊಳೆಯಿತು. ತಡವಾಯಿತೆಂದು ಯಾರೂ ಆಕ್ಷೇಪಿಸಬೇಕಾಗಿಲ್ಲ. ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ.

ಹೊಳೆಯಲು ಕಾರಣ ಅನ್ನಪೂರ್ಣೇಶ್ವರಿಯ ಬಲಭುಜ. ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಹನ್ನೆರಡರಂತೆ, ಮೂವತ್ತೊಂದು ವರ್ಷ ಜೋಳದ ರೊಟ್ಟಿ ಬಡಿದ ಭುಜ ಅದು. ಅವಳು ಒಬ್ಬಳೇ ರೋಣಕ್ಕೆ ಹೋಗಿ ಡಾಕ್ಟರರಿಗೆ ತೋರಿಸಿ ಬಂದಿದ್ದಳು (ಅಂಗಡಿಗೆ ಅದು ಬೋರ್‌ವೆಲ್ ಸೀಜನ್ನು). ಡಾಕ್ಟರರು ಕೈ ಮೇಲೆತ್ತಲು ಹೇಳಿ, ಅದು ಕಿವಿಯ ಮಟ್ಟಕ್ಕೆ ಬಂದು ನಿಂತದ್ದನ್ನು ಕಂಡು, "ಎರಡು ತಿಂಗಳ ರೊಟ್ಟಿ ಬಡಿಯೂದು ಬಂದ್" ಎಂದಿದ್ದರು. ಅನ್ನಪೂರ್ಣೇಶ್ವರಿ ಬಸ್ಸಿಳಿದು ಮನೆಗೆ ಬಂದಳು, ಸೀರೆ ಬದಲಿಸಿದಳು, ಹನ್ನೆರಡು ರೊಟ್ಟಿ ಬಡಿದಳು.

ಬಡಿಯದೆ ಏನು ಮಾಡುವುದು? ಎಂಬತ್ತೆರಡರ ಅತ್ತೆ ಗೌರವ್ವ ಖಾನಾವಳಿಯ ರೊಟ್ಟಿಯನ್ನು ಮುಟ್ಟುವವಳಲ್ಲ. "ಮಗಾ ಸೊಸಿ ಇದ್ದೂ ಕೊಂಡ ರೊಟ್ಟಿ ತಿನ್ನಾಕ ನಾ ಏನ್ ಪರದೇಸಿನ?" ಎನ್ನುವವಳು. ಅನ್ನಪೂರ್ಣೇಶ್ವರಿ ರೊಟ್ಟಿ ಮಾಡುವ ಮಿಷನ್ನು ಕೇಳುತ್ತ ಬಂದು ಮೂರು ವರ್ಷವಾಗಿತ್ತು. ಸಂಗನಬಸಪ್ಪನ ಉತ್ತರ ಸಿದ್ಧವಾಗಿರುತ್ತಿತ್ತು: "ಮಿಷನ್ ರೊಟ್ಟಿಗೆ ಕೈಗುಣ ಎಲ್ಲಿಂದ ಬರಬೇಕು?" ಆ ಕೈ ಯಾರದೆಂದು ಅವನು ವಿಚಾರಿಸುತ್ತಿರಲಿಲ್ಲ.

ಆದರೆ ಅವನು ಕೆಟ್ಟವನಲ್ಲ. ಭುಜದ ಸುದ್ದಿ ಕೇಳಿದ ಮೇಲೆ ಎರಡು ದಿನ ಯೋಚಿಸಿದ, ಮೂರನೆಯ ದಿನ ಅವನ ದೃಷ್ಟಿ ಹಿತ್ತಲಿನ ಬೇವಿನ ಗಿಡದ ಕೆಳಗಿದ್ದ ಬಾರ್ಬೆಕ್ಯೂ ಎಂಬ ಕೆಂಡದ ಒಲೆಯ ಮೇಲೆ ಬಿತ್ತು. ಹೋದ ವರ್ಷ ಪಂಪಿನ ಕಂಪನಿಯವರು ಬಾದಾಮಿಯ ಹತ್ತಿರದ ರೆಸಾರ್ಟಿನಲ್ಲಿ ಡೀಲರುಗಳ ಸಭೆ ಕರೆದಾಗ, ಎತ್ತರದ ಬಿಳಿ ಟೋಪಿಯವನೊಬ್ಬ ಬಯಲಿನಲ್ಲಿ ನಿಂತು ಏನೇನೋ ಸುಡುತ್ತಿದ್ದ. ಸಾಲುಗಟ್ಟಿ ನಿಂತ ಡೀಲರುಗಳು ಅವನಿಗೆ ತೋರಿಸಿದ ಮರ್ಯಾದೆಯನ್ನು ಸಂಗನಬಸಪ್ಪ ಇಪ್ಪತ್ತೆಂಟು ವರ್ಷದ ವ್ಯಾಪಾರದಲ್ಲಿ ಕಂಡಿರಲಿಲ್ಲ. ಮನೆಗೆ ಬಂದವನೇ ಒಂದನ್ನು ತರಿಸಿದ್ದ. ತಲೆಮಾರುಗಳಿಂದ ಶುದ್ಧ ಶಾಕಾಹಾರಿಯಾದ ಮನೆಯ ಬಾರ್ಬೆಕ್ಯೂ ಅದು. ಗೋವಿನಜೋಳದ ತೆನೆ, ಬದನೆಕಾಯಿ ಬಿಟ್ಟರೆ ಬೇರೆ ಜೀವಿಯನ್ನು ಅರಿಯದು. ಗೌರವ್ವ ಅದನ್ನು ನೋಡಿ, "ಒಲಿಯಾಗಿನ ಕೆಂಡಾ ತಗದು ಹಿತ್ತಲದಾಗ ನಾಕ ಕಾಲ ಮ್ಯಾಲ ನಿಂದ್ರಿಸ್ಯಾನ" ಎಂದಷ್ಟೇ ಹೇಳಿದ್ದಳು.

ಈಗ ಅದಕ್ಕೆ ಎರಡು ಹೊಸ ಅಂಗಗಳನ್ನು ಜೋಡಿಸಿದರೆ ಭಾನುವಾರದ ಊಟವೆಲ್ಲ ಹಿತ್ತಲಿನಲ್ಲೇ ಆಗಿಬಿಡುತ್ತದೆ ಎಂಬುದು ಸಂಗನಬಸಪ್ಪನ ಯೋಜನೆ. ಒಂದು, ಪಿಜ್ಜಾ ಬೇಯಿಸುವ ಕಲ್ಲು. ಇನ್ನೊಂದು, ಕಾಯಿಪಲ್ಲೆಯನ್ನು ಚುಚ್ಚಿಕೊಂಡು ಕೆಂಡದ ಮೇಲೆ ತನ್ನಷ್ಟಕ್ಕೆ ತಿರುಗುವ ಸರಳು. ಆ ಸರಳಿನ ಹೆಸರು ರೊಟಿಸರಿ. ಅನರ್ಥಕ್ಕೆಲ್ಲ ಮೂಲ ಈ ಹೆಸರು.

"ಏ ಅನ್ನಪೂರ್ಣಾ, ಈ ಐತ್ವಾರದಿಂದ ನೀ ಅಡಗಿಮನಿ ಕಡೆ ತಲಿ ಹಾಕಬ್ಯಾಡ. ರೊಟಿಸರಿ ತರಿಸಾಕತ್ತೀನಿ."

ಅನ್ನಪೂರ್ಣೇಶ್ವರಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಏನ್ ತರಿಸಾಕತ್ತೀರಿ?"

"ರೊಟಿಸರಿ. ಕರೆಂಟಿನ ಮ್ಯಾಲ ನಡಿತೈತಿ. ಗುಂಡಿ ಒತ್ತಿ ಕುಂತರ ಮುಗೀತು. ತಾನ ತಿರಗತೈತಿ, ತಾನ ಸುಡತೈತಿ."

"ಖರೇನ್ರಿ?"

"ಖರೇ ಅಂದ್ರ ಖರೇ. ನಿನ್ನ ಭುಜಾ ನೋಡಿನ ತರಿಸಾಕತ್ತೀನಿ."

ಪಡಸಾಲೆಯಿಂದ ಗೌರವ್ವ ಕೂಗಿದಳು. "ಏನಂತವಾ?"

"ರೊಟ್ಟಿಸರಿ ಬರತೈತಂತ್ರಿ ಅತ್ತಿ!"

"ರೊಟ್ಟಿನೂ ಸೀರಿನೂ ಎರಡೂ ತರಿಸ್ಯಾನ? ಸೀರಿ ಯಾವ ಬಣ್ಣದ್ದು ಕೇಳು."

ಕರೆಂಟಿನ ಮೇಲೆ ನಡೆಯುವ, ತಾನಾಗಿ ಸುಡುವ ರೊಟ್ಟಿಸರಿ ಎಂದರೆ ರೊಟ್ಟಿಯ ಮಿಷನ್ನಲ್ಲದೆ ಮತ್ತೇನು? ಜೋಳ ತಿನ್ನುವ ಸೀಮೆಯ ಯಾರಾದರೂ ಹಾಗೆಯೇ ತಿಳಿಯುತ್ತಾರೆ. ಅನ್ನಪೂರ್ಣೇಶ್ವರಿ ಅಂದೇ ನರಗುಂದದ ತಮ್ಮ ಶಶಿಕಾಂತನಿಗೆ ಫೋನು ಹಚ್ಚಿ, ಮಿಷನ್ನು ನೋಡಲು ಐತ್ವಾರ ಹೆಂಡತಿಯನ್ನು ಕರೆದುಕೊಂಡು ಬಾ ಎಂದಳು. ಗಂಡನನ್ನು ಮೂರು ವರ್ಷ ತಪ್ಪು ತಿಳಿದಿದ್ದೆನಲ್ಲ ಎಂದು ಅವಳಿಗೆ ಸ್ವಲ್ಪ ನಾಚಿಕೆಯೂ ಆಯಿತು. ಆ ವಾರ ಸಂಗನಬಸಪ್ಪನ ಚಹಾದ ಜೊತೆ ಕೇಳದೆಯೇ ಅವಲಕ್ಕಿ ಚೂಡಾ ಬಂತು.

ಪೆಟ್ಟಿಗೆ ಶನಿವಾರ ಅಂಗಡಿಗೇ ಬಂತು. ಎದುರಿನ ವೆಲ್ಡಿಂಗ್ ಅಂಗಡಿಯ ಟಿಪ್ಪುಸಾಬನ ಸಮಕ್ಷಮ ಅದನ್ನು ಬಿಚ್ಚಿದ್ದಾಯಿತು. ಒಂದು ದುಂಡನೆಯ ಕಲ್ಲು, ಉದ್ದ ಹಿಡಿಕೆಯ ಕಟ್ಟಿಗೆಯ ಹಲಗೆ, ಒಂದು ಸರಳು, ಎರಡು ಮುಳ್ಳು, ಒಂದು ಕಾಗದ.

"ಸಾಹುಕಾರ್ರ, ಇದರಾಗ ಮೋಟಾರ ಇಲ್ಲಲ್ರಿ. ಬ್ಯಾರೆ ತರಿಸಬೇಕಂತ ಬರದಾರ ನೋಡ್ರಿ."

"ಮೋಟಾರ? ನಾ ಮೋಟಾರ ಹೊರಗಿಂದ ತರಿಸಬೇಕ? ತಲಿ ಮ್ಯಾಲ ನೋಡು, ಬೋರ್ಡಿನ ಮ್ಯಾಲ ಏನ್ ಬರದೈತಿ?"

"ಬೋರ್ಡ್ ಖರೇರಿ. ಆದ್ರ ಇದು ಕೂಸು ಮಗ್ಗಲಾ ಬದಲಿಸಿದಂಗ ಸಾವಕಾಶ ತಿರಗಬೇಕಂತ. ನಿಮ್ಮ ಮೋಟಾರ ಬಾವಿ ನೀರ ಎತ್ತೂದು, ಹೂಕೋಸು ಎತ್ತೂದಲ್ಲ."

"ಅರ್ಧಾ ಹೆಚ್‌ಪಿದು ಸಣ್ಣದು ಹಚ್ಚೂಣು. ನೀ ವೆಲ್ಡಿಂಗ್ ಹೊಡಿ, ಉಳದದ್ದು ನನಗ ಬಿಡು."

ಟಿಪ್ಪುಸಾಬ ಕಣ್ಣಿಗೆ ಕಪ್ಪು ಕನ್ನಡಕ ಏರಿಸಿದ. ಹಿರಿಯರ ಜೊತೆ ವಾದ ಮಾಡುವುದಕ್ಕಿಂತ ಕಿಡಿ ಹಾರಿಸುವುದು ಸುಲಭವೆಂದು ಅವನ ಅನುಭವ.

ಭಾನುವಾರ ಹನ್ನೊಂದಕ್ಕೆ ನರಗುಂದದವರು ಬಂದರು. ಶಶಿಕಾಂತ ಗಂಜಿ ಹಾಕಿದ ಬಿಳಿಯ ಅಂಗಿ ತೊಟ್ಟಿದ್ದ. ಅವನ ಹೆಂಡತಿ ಉಮಾಶ್ರೀ ಹೊಸ ಮಿಷನ್ನಿಗೆಂದು ಮನೆಯಿಂದಲೇ ಜೋಳದ ಹಿಟ್ಟು ಬೀಸಿಸಿ ಚೀಲದಲ್ಲಿ ತಂದಿದ್ದಳು. ಅನ್ನಪೂರ್ಣೇಶ್ವರಿ ಎಲ್ಲರನ್ನೂ ಕರೆದುಕೊಂಡು, ಮದುವಣಗಿತ್ತಿಯನ್ನು ತೋರಿಸುವ ಸಂಭ್ರಮದಲ್ಲಿ ಹಿತ್ತಲಿಗೆ ನಡೆದಳು. ಗೌರವ್ವ ಆಗಲೇ ಬೇವಿನ ನೆರಳಿನ ಹೊರಸಿನ ಮೇಲೆ ಕುಳಿತಿದ್ದಳು.

ಬಾರ್ಬೆಕ್ಯೂದ ಪಕ್ಕದಲ್ಲಿ ಸಂಗನಬಸಪ್ಪ ಹೆಗಲಿಗೆ ಟವೆಲ್ಲು ಹಾಕಿ ನಿಂತಿದ್ದ. ಕೆಂಡ ನಿಗಿನಿಗಿ ಎನ್ನುತ್ತಿತ್ತು. ಅರ್ಧ ಭಾಗದಲ್ಲಿ ಪಿಜ್ಜಾದ ಕಲ್ಲು ಕಾಯುತ್ತಿತ್ತು. ಉಳಿದರ್ಧದ ಮೇಲೆ ಸರಳು. ಸರಳಿನಲ್ಲಿ ಮೊಸರು ಖಾರ ಮೆತ್ತಿದ ಇಡೀ ಹೂಕೋಸು, ಅದರ ಎರಡೂ ಕಡೆ ಅಂಗರಕ್ಷಕರಂತೆ ಮೂರು ಮೂರು ಬದನೆಕಾಯಿ. ಸರಳಿನ ತುದಿಗೆ ಅರ್ಧ ಹೆಚ್‌ಪಿ ಮೋಟಾರು. ಮೋಟಾರಿನ ಹತ್ತಿರ ಟಿಪ್ಪುಸಾಬ.

ಉಮಾಶ್ರೀ ಒಂದು ಸುತ್ತು ಹಾಕಿ ನೋಡಿದಳು. "ಹಿಟ್ಟು ಎಲ್ಲಿ ಹಾಕೂದ್ರಿ ಅಣ್ಣಾರ?"

"ಹಿಟ್ಟಾ? ಇದಕ್ಯಾಕ ಹಿಟ್ಟು?"

"ರೊಟ್ಟಿ ಮಿಷನ್ ಅಲ್ಲೇನ್ರಿ?"

"ರೊಟ್ಟಿ ಅಲ್ಲವಾ ತಂಗಿ, ರೊಟಿಸರಿ! ಇವತ್ತ ರೊಟ್ಟಿ ಮಾತ ಇಲ್ಲ. ಪಿಜ್ಜಾ ಐತಿ."

ಅನ್ನಪೂರ್ಣೇಶ್ವರಿ ಸರಳನ್ನು ನೋಡಿದಳು, ಹೂಕೋಸನ್ನು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. ಅವಳು ಜಗಳ ತೆಗೆದಿದ್ದರೆ ಸಂಗನಬಸಪ್ಪ ನಿಭಾಯಿಸುತ್ತಿದ್ದ. ಆ ವಿಷಯದಲ್ಲಿ ಅವನಿಗೆ ಮೂವತ್ತೊಂದು ವರ್ಷದ ಅಭ್ಯಾಸವಿತ್ತು. ಈ ಮೌನದ ಅಭ್ಯಾಸ ಇರಲಿಲ್ಲ.

"ಸೀರಿ ಎಲ್ಲೋ?" ಎಂದಳು ಗೌರವ್ವ.

ಉತ್ತರ ಕೊಡುವುದಕ್ಕಿಂತ ಗುಂಡಿ ಒತ್ತುವುದೇ ಲೇಸೆಂದು ಸಂಗನಬಸಪ್ಪ ಒತ್ತಿದ.

ನೀರು ಎಷ್ಟು ಎತ್ತರಕ್ಕೆ ಏರುತ್ತದೆಂಬುದರ ಕೋಷ್ಟಕವನ್ನು ಪಂಪಿನ ಕಂಪನಿಗಳು ಡೀಲರುಗಳಿಗೆ ಕೊಡುತ್ತವೆ. ಹೂಕೋಸು ಎಷ್ಟು ದೂರ ಹೋಗುತ್ತದೆಂಬುದರ ಕೋಷ್ಟಕವನ್ನು ಯಾರೂ ಕೊಡುವುದಿಲ್ಲ. ಕಾಯಿಪಲ್ಲೆಯೆಲ್ಲ ಒಂದು ಕ್ಷಣ ಕೆಂಪು ಮಂಜಿನಂತೆ ಕಂಡಿತು. ಮರುಕ್ಷಣ ಸರಳು ಬರಿದಾಗಿತ್ತು. ಮೊಸರು ಖಾರ ಶಶಿಕಾಂತನ ಅಂಗಿಯ ಮೇಲೆ ಎಡಹೆಗಲಿನಿಂದ ಬಲಸೊಂಟದವರೆಗೆ ಜನಿವಾರದಂತೆ ಬಿತ್ತು (ಲಿಂಗವಂತರ ಮನೆಯಲ್ಲಿ ಇದು ಅನಿರೀಕ್ಷಿತ). ಒಂದು ಬದನೆಕಾಯಿ ಕಾಂಪೌಂಡು ದಾಟಿತು. ಉಳಿದವು ಹಿತ್ತಲಿನ ನಾಲ್ಕು ಮೂಲೆ ಹಿಡಿದವು. ಹೂಕೋಸಿನ ದೊಡ್ಡ ಭಾಗ ನೇರವಾಗಿ ಗೌರವ್ವನ ಮಡಿಲಿಗೆ ಬಂದು ಕುಳಿತಿತು. ಟಿಪ್ಪುಸಾಬ ಪ್ಲಗ್ಗು ಕಿತ್ತ.

ಗೌರವ್ವ ಹೂಕೋಸನ್ನು ಉಗುರಿನಿಂದ ಒತ್ತಿ ನೋಡಿದಳು. "ಇನ್ನಾ ಹಸೀ ಐತಲ್ಲೋ."

"ವೆಲ್ಡಿಂಗ್ ಏನೂ ಅಲಗ್ಯಾಡಿಲ್ಲ ನೋಡ್ರಿ ಸಾಹುಕಾರ್ರ," ಎಂದ ಟಿಪ್ಪುಸಾಬ, ಸರಳಿನ ತುದಿಯನ್ನು ಮುಟ್ಟಿ. ಕಸುಬಿನವನಿಗೆ ತನ್ನ ಕಸುಬಿನ ಚಿಂತೆ.

"ಭಾವಾರ," ಎಂದ ಶಶಿಕಾಂತ, ಗಡ್ಡದ ಖಾರ ಒರೆಸಿಕೊಳ್ಳುತ್ತ, "ಊಟಕ್ಕ ಕರದು ನೀರಾವರಿ ಮಾಡಿದ್ರಲ್ರಿ."

ಇನ್ನು ಉಳಿದದ್ದು ಪಿಜ್ಜಾ. ಬೆಳಿಗ್ಗೆ ಏಳಕ್ಕೇ ಈಸ್ಟು ಹಾಕಿ ನಾದಿದ ಮೈದಾಹಿಟ್ಟನ್ನು ಸಂಗನಬಸಪ್ಪ ಬೇವಿನ ಕಟ್ಟೆಯ ಮೇಲೆ ಪರಾತದಲ್ಲಿಟ್ಟಿದ್ದ. ಒಂದು ತಾಸು ಉಬ್ಬಲು ಬಿಡಿ ಎಂದು ಕಾಗದದಲ್ಲಿ ಬರೆದಿತ್ತು. ಬರೆದವರು ಏಪ್ರಿಲ್ ತಿಂಗಳ ಗಜೇಂದ್ರಗಡವನ್ನು ಕಂಡವರಲ್ಲ. ಐದು ತಾಸು ಉಬ್ಬಿದ ಹಿಟ್ಟು ಪರಾತ ಬಿಟ್ಟು ಕಟ್ಟೆಗೆ ಇಳಿದು, ಕಟ್ಟೆಯಿಂದ ನೆಲಕ್ಕೆ ಇಳಿಯುವ ವಿಚಾರದಲ್ಲಿತ್ತು. ಹೊದಿಸಿದ್ದ ಬಟ್ಟೆ ಎಲ್ಲೋ ಒಳಗೆ ಸೇರಿಹೋಗಿತ್ತು. ಮೇಲೆಲ್ಲ ಬೇವಿನ ಹೂ ಉದುರಿತ್ತು.

"ಬೆಲ್ಲಾ ಒಂದು ಹಾಕಿದ್ರ ಯುಗಾದಿ ಆಗಿಬಿಡತಿತ್ತು," ಎಂದಳು ಉಮಾಶ್ರೀ. ತಡೆದುಕೊಂಡಿದ್ದ ನಗೆ ಅವಳಿಗೆ ಈಗ ತಡೆಯಲಾಗಲಿಲ್ಲ.

ಹೊತ್ತು ಹನ್ನೆರಡು ದಾಟಿತ್ತು. ಅರವತ್ತು ಕಿಲೋಮೀಟರು ಬಂದ ಬೀಗರು ಹಸಿದಿದ್ದರು. ಅನ್ನಪೂರ್ಣೇಶ್ವರಿ ಒಳಗೆ ನಡೆದಳು. ಸಂಗನಬಸಪ್ಪ ಸಮಜಾಯಿಷಿ ಹೇಳಲು ಹಿಂದೆಯೇ ಹೋದ. ಅಡಿಗೆಮನೆಯ ಬಾಗಿಲಲ್ಲಿ ಅವನ ಕಾಲು ನಿಂತಿತು.

ಉಮಾಶ್ರೀಯ ಚೀಲ ಹಿತ್ತಲಿನಲ್ಲೇ ಬಿಟ್ಟು, ಅಭ್ಯಾಸಬಲದಿಂದ ಅವಳು ಮೇಲಿನ ಹಲಗೆಯ ಹಿಟ್ಟಿನ ಡಬ್ಬಿಗೆ ಕೈ ಚಾಚಿದ್ದಳು. ಕೈ ಕಿವಿಯ ಹತ್ತಿರ ಬಂದು ನಿಂತುಬಿಟ್ಟಿತ್ತು. ಅವಳು ಹಲ್ಲು ಕಚ್ಚಿ ಮತ್ತೊಮ್ಮೆ ಎತ್ತಿದಳು, ಅಲ್ಲಿಗೇ ನಿಂತಿತು. ಎಡಗೈಯಿಂದ ಎಳೆದಳು, ಡಬ್ಬಿ ವಾಲಿತು, ಒಂದಿಷ್ಟು ಹಿಟ್ಟು ಅವಳ ಕೂದಲ ಮೇಲೆ ಸುರಿಯಿತು. ಅವಳು ಹಾಗೆಯೇ ಗೋಡೆ ಹಿಡಿದು ಉಸಿರು ಬಿಟ್ಟಳು. ದಿನಕ್ಕೆರಡು ಸಲ ಈ ಡಬ್ಬಿ ಕೆಳಗಿಳಿಯುವುದು ಹೀಗೆ ಎಂದು ಸಂಗನಬಸಪ್ಪನಿಗೆ ಗೊತ್ತಿರಲಿಲ್ಲ. ಭುಜದ ಸುದ್ದಿ ಕೇಳಿದ್ದ, ಭುಜ ನೋಡಿರಲಿಲ್ಲ.

ಅವನು ಮುಂದೆ ಹೋಗಿ ಡಬ್ಬಿ ಇಳಿಸಿಕೊಂಡ. "ಬಿಡು. ನಾ ಮಾಡ್ತೀನಿ."

"ಏನ್ ಮಾಡ್ತೀರಿ?"

"ರೊಟ್ಟಿ."

"ಪಿಜ್ಜಾ ಮಾಡಿದಂಗನ?"

"ನೀ ಹೇಳಿಕೊಡು, ಬಡಿತೀನಿ. ಕಲ್ಲು ಹೊರಗ ಕಾದು ಕುಂತೈತಿ."

ಹೀಗೆ ಅನ್ನಪೂರ್ಣೇಶ್ವರಿ ಹಿತ್ತಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಳು. ಸಂಗನಬಸಪ್ಪ ಕಟ್ಟಿಗೆಯ ಹಲಗೆಯ ಮುಂದೆ ಕಾಲು ಮಡಚಿ ಕುಳಿತ. ಭಾವನ ಮನೆಯ ಬನಿಯನ್ನಿನಲ್ಲಿದ್ದ ಶಶಿಕಾಂತ, ಟಿಪ್ಪುಸಾಬ, ಉಮಾಶ್ರೀ ಸುತ್ತ ನಿಂತರು.

"ಬಿಸಿನೀರು ಸುರೀರಿ. ಅಷ್ಟಲ್ಲ! ಅದು ಹೊಲಾ ಅಲ್ರಿ, ಹಿಟ್ಟು. ಹೂಂ, ನಾದ್ರಿ. ಅಂಗೈಯಿಂದ ನಾದ್ರಿ, ಹೆದರಿ ಮುಟ್ಟಿದ್ರ ಬರಂಗಿಲ್ಲ. ಈಗ ಬಡೀರಿ. ಹಗೂರಕ. ತಿರಗಿಸ್ಕೋತ, ತಿರಗಿಸ್ಕೋತ."

ಮೊದಲನೆಯದು ಎತ್ತುವಾಗ ಎರಡಾಯಿತು. ಎರಡನೆಯದು ರೋಣ ತಾಲೂಕಿನ ನಕಾಶೆಯಂತಾಯಿತು. ಅದೂ ಗಜೇಂದ್ರಗಡ ಬೇರೆ ತಾಲೂಕಾಗುವ ಮೊದಲಿನದು. ಮೂರನೆಯದನ್ನು ಕಲ್ಲಿನ ಮೇಲೆ ಜಾರಿಸುವಾಗ ಎರಡು ಬೆರಳು ಸುಟ್ಟುಕೊಂಡ. ನಾಲ್ಕನೆಯದಕ್ಕೆ ಬೆನ್ನು ಹಿಡಿಯಿತು. ಐದನೆಯದರ ಮೇಲೆ ನೀರು ಸವರಿ, ಮಗುಚಿ, ಕೆಂಡದ ಅಂಚಿಗೆ ಸರಿಸಿದಾಗ ಅದು ಪುಸ್ಸನೆ ಉಬ್ಬಿತು.

"ಉಬ್ಬಿತ್ರಿ ಅಣ್ಣಾರ!" ಎಂದು ಉಮಾಶ್ರೀ ಚಪ್ಪಾಳೆ ಹೊಡೆದಳು. ಉಬ್ಬಿದ್ದು ರೊಟ್ಟಿಯೋ ಅಣ್ಣಾರೋ ಎಂದು ಹೇಳುವುದು ಕಷ್ಟವಿತ್ತು.

ಹಿತ್ತಲಿನಲ್ಲಿ ಸಿಕ್ಕ ಬದನೆಕಾಯಿಗಳನ್ನು ತೊಳೆದು ಕೆಂಡದಲ್ಲಿ ಸುಟ್ಟು ಉಳ್ಳಾಗಡ್ಡಿ ಹಾಕಿ ಕಿವುಚಿದರು. ಶೇಂಗಾದ ಚಟ್ನಿ ಹಿಂಡಿ, ಗಟ್ಟಿ ಮೊಸರು ಒಳಗಿನಿಂದ ಬಂದವು. ಉಬ್ಬಿದ ರೊಟ್ಟಿಯನ್ನು ಸಂಗನಬಸಪ್ಪ ತಾನೇ ಒಯ್ದು ತಾಯಿಯ ತಾಟಿಗೆ ಹಾಕಿದ.

ಗೌರವ್ವ ತಾಟು ಸರಿಸಿದಳೋ, ಸಂಜೆಯ ಹನ್ನೆರಡು ರೊಟ್ಟಿ ಮತ್ತೆ ಆ ಭುಜಕ್ಕೇ. ಅನ್ನಪೂರ್ಣೇಶ್ವರಿ ಅತ್ತೆಯ ಬಾಯಿಯನ್ನೇ ನೋಡುತ್ತಿದ್ದಳು. ಗೌರವ್ವ ರೊಟ್ಟಿಯ ಅಂಚು ಮುರಿದಳು, ಬೆಳಕಿಗೆ ಹಿಡಿದಳು, ಮೊಸರಿನಲ್ಲಿ ಅದ್ದಿದಳು, ಉಳಿದ ಹಲ್ಲುಗಳ ಕಡೆಗೆ ಅದನ್ನು ಸಾಗಿಸಿ ಸಾವಕಾಶ ಅಗಿದಳು. ಇನ್ನೊಂದು ತುತ್ತು ಮುರಿದಳು.

"ಚಲೋ ಆಗೈತಿ," ಎಂದಳು.

ಸಂಗನಬಸಪ್ಪ ಸುಟ್ಟ ಬೆರಳುಗಳನ್ನು ಮೇಲೆತ್ತಿ ಎಲ್ಲರ ಕಡೆ ನೋಡಿದ. "ಕೇಳಿದ್ರಿಲ್ಲೋ? ಅವ್ವ ಇಷ್ಟ ವರ್ಷದಾಗ ಯಾರ ರೊಟ್ಟಿಗೂ ಚಲೋ ಅಂದಿಲ್ಲ!"

"ನಾಳಿಂದ ಸ್ವಲ್ಪ ತೆಳ್ಳಗ ಬಡಿ," ಎಂದಳು ಗೌರವ್ವ.

ಶಶಿಕಾಂತ ಕೆಮ್ಮಿದ. ಟಿಪ್ಪುಸಾಬ ಬೇವಿನ ಗಿಡದ ತುದಿಯನ್ನು ಪರೀಕ್ಷಿಸತೊಡಗಿದ. ಸಂಗನಬಸಪ್ಪನ ಕೈ ಇನ್ನೂ ಮೇಲೆಯೇ ಇತ್ತು.

"ನಾಳಿಂದ?" ಎಂದ ಅವನು. ಸಹಾಯ ಬೇಡುವ ಕಣ್ಣುಗಳಿಂದ ಹೆಂಡತಿಯ ಕಡೆ ತಿರುಗಿದ. "ಏ ಅನ್ನಪೂರ್ಣಾ, ಅವ್ವ ಏನೋ ಅನ್ನಾಕತ್ತಾಳ ನೋಡು. ನಾಳಿಂದ ಅಂತ."

ಅನ್ನಪೂರ್ಣೇಶ್ವರಿ ಕುರ್ಚಿಯಿಂದ ಏಳಲಿಲ್ಲ. ಬಲಗೈಯನ್ನು ಮಡಿಲಿನಲ್ಲಿ ಹಾಯಾಗಿ ಮಲಗಿಸಿಕೊಂಡಳು.

"ಹೌದ್ರಿ, ತೆಳ್ಳಗ ಬಡಿಯೂದು ನಾಳಿಂದ. ಇವತ್ತ ಸಂಜಿಗೆ ದಪ್ಪಾದ್ರೂ ನಡಿತೈತಿ."